ಎರಡನೇ ಬ್ಯಾಟರಿ ಮತ್ತು ನಾಲ್ಕು ನಿಂಬೆಹಣ್ಣು

ಕುಂದಲಹಳ್ಳಿಯ ನಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಬಿಳಿ ಎಸ್‌ಯುವಿಯೊಂದಕ್ಕೆ ಎರಡನೇ ಬ್ಯಾಟರಿ ಅಳವಡಿಸಲಾಗಿದೆ. ಪರಿಸ್ಥಿತಿ ಉದ್ವಿಗ್ನವಾಗಿದ್ದರೂ ನಿಯಂತ್ರಣದಲ್ಲಿದೆ. ಪ್ರಾಣಹಾನಿ ವರದಿಯಾಗಿಲ್ಲ.

ನಮ್ಮ ಬೇಸ್‌ಮೆಂಟಿನಲ್ಲಿ ಇಂಥವು ನಡೆಯುತ್ತಲೇ ಇರುತ್ತವೆ. ಮೇಲೆ ಜನ ಮನೆಯಿಂದಲೇ ಕೆಲಸ ಮಾಡುತ್ತಾರೆ. ಕೆಳಗೆ ಕಾರುಗಳು ಕೆಲಸವಿಲ್ಲದೆ ಒಂದೊಂದಾಗಿ ಸಾಯುತ್ತವೆ.

ಗಾಡಿ ಮೂರನೇ ಮಹಡಿಯ ದಾವಣಗೆರೆಯವರದು. ಮುಂದಿನ ಬ್ಯಾಟರಿ ಇಂಜಿನ್ ಎಬ್ಬಿಸಲು, ಹಿಂದಿನದು ಡಿಕ್ಕಿಯಲ್ಲಿರುವ ಪುಟ್ಟ ಫ್ರಿಜ್ಜಿಗೆ. ಕಾಡಿನಲ್ಲಿ ಕ್ಯಾಂಪ್ ಹಾಕಿದಾಗ ಫ್ರಿಜ್ಜು ಎಷ್ಟು ತಿಂದರೂ ಮುಂದಿನದಕ್ಕೆ ಏನೂ ಆಗುವುದಿಲ್ಲ. ಅಕಸ್ಮಾತ್ ಮುಂದಿನದೇ ಸತ್ತರೆ ಡ್ಯಾಶ್‌ಬೋರ್ಡಿನ ಕೆಂಪು ಗುಂಡಿ ಒತ್ತಬೇಕು. ಹಿಂದಿನದು ಬಂದು ಕೈಹಿಡಿಯುತ್ತದೆ. ಅವರು ವಿವರಿಸಿದ್ದನ್ನು ನಾನು ಬಾಯಿಬಿಟ್ಟುಕೊಂಡು ಕೇಳಿದೆ. ಮನುಷ್ಯನ ಹೃದಯಕ್ಕೂ ಕೊಡದ ಸೌಲಭ್ಯ ಇದು.

ಅವರ ಪತ್ನಿ ಮಾತ್ರ ಬಾಯಿಬಿಟ್ಟದ್ದು ಬೇರೆ ಕಾರಣಕ್ಕೆ.

“ಕಾಡಿಗೆ ಯಾವಾಗ ಹೋಗಿದ್ರಿ?”

“ಹೋಗೋದು ಮುಖ್ಯ ಅಲ್ಲ. ರೆಡಿ ಇರೋದು ಮುಖ್ಯ.”

“ದಸರಾ ತನಕ ನೋಡ್ತೀನಿ. ಅಷ್ಟರಾಗೆ ಅದು ಒಂದು ಸಲ ಆದ್ರೂ ಉಪಯೋಗಕ್ಕೆ ಬರಬೇಕು. ಇಲ್ಲಂದ್ರೆ ಕಿತ್ತು ಮನೆ ಇನ್ವರ್ಟರಿಗೆ ಹಾಕಿಸ್ತೀನಿ.”

ಅಂದಿನಿಂದ ದಾವಣಗೆರೆಯವರು ಬೇರೆಯವರ ಕಾರು ಕೆಡುವುದನ್ನೇ ಕಾಯತೊಡಗಿದರು.

ಕಬ್ಬಿಣದ ಹುಡುಕಾಟ

ಮೊದಲು ಸತ್ತದ್ದು ಮೊದಲ ಮಹಡಿಯ ಡಾಕ್ಟರ್ ಮೇಡಂ ಕಾರು. ದಾವಣಗೆರೆಯವರು ಕೈಗವಸು, ಕಪ್ಪು ಕನ್ನಡಕ ಹಾಕಿಕೊಂಡು ಬಂದರು. ಆಪರೇಷನ್ ಮಾಡುವವರು ಯಾರು, ಮಾಡಿಸಿಕೊಳ್ಳುವವರು ಯಾರು ಎಂದು ಕ್ಷಣಕಾಲ ಗೊಂದಲವಾಯಿತು.

“ಎರಡು ಗಾಡಿ ಒಂದಕ್ಕೊಂದು ತಾಗಬಾರದು. ಕೆಂಪು ಕ್ಲಿಪ್ಪು ಸತ್ತ ಬ್ಯಾಟರಿ ಪ್ಲಸ್ಸಿಗೆ, ಇನ್ನೊಂದು ಕೆಂಪು ನಮ್ಮ ಪ್ಲಸ್ಸಿಗೆ. ಕಪ್ಪು ನಮ್ಮ ಮೈನಸ್ಸಿಗೆ. ಕಡೇ ಕಪ್ಪು ಮಾತ್ರ ನಿಮ್ಮ ಬ್ಯಾಟರಿಗೆ ಅಲ್ಲ ಮೇಡಂ, ದೂರದಲ್ಲಿ ಬರಿಯ ಕಬ್ಬಿಣಕ್ಕೆ. ಬ್ಯಾಟರಿ ಪಕ್ಕ ಕಿಡಿ ಹಾರಿದ್ರೆ ಗ್ಯಾಸ್ ಹೊತ್ಕೊಳ್ಳುತ್ತೆ.”

“ಕಬ್ಬಿಣ ಎಲ್ಲಿದೆ?” ಎಂದರು ಮೇಡಂ.

ಎಲ್ಲರೂ ಬಾನೆಟ್ಟಿನೊಳಗೆ ಬಗ್ಗಿದೆವು. ಮುಟ್ಟಿದ್ದೆಲ್ಲ ಪ್ಲಾಸ್ಟಿಕ್ಕು. ಮುಚ್ಚಳ ತೆಗೆದರೆ ಒಳಗೆ ಇನ್ನೊಂದು ಮುಚ್ಚಳ. ಕಬ್ಬಿಣವೇ ಇಲ್ಲದೆ ಇದು ಇಷ್ಟು ದಿನ ಆಸ್ಪತ್ರೆಗೆ ಹೋಗಿಬಂದದ್ದು ಹೇಗೆಂದು ನನಗೆ ರೋಮಾಂಚನವಾಯಿತು. ಕಡೆಗೆ ಮೇಡಂ ತಾವೇ ಕೈ ಇಳಿಬಿಟ್ಟು, ಕಣ್ಣು ಮುಚ್ಚಿ ತಡಕಿ, “ಸಿಕ್ತು, ಬೋಲ್ಟು” ಎಂದರು. ಕಾರು ಎದ್ದಿತು. ಚಪ್ಪಾಳೆ ಬಿತ್ತು.

ದಾವಣಗೆರೆಯವರು ಮನೆಗೆ ಹೋಗಿ ವರದಿ ಒಪ್ಪಿಸಿದರು.

“ಯಾವ ಬ್ಯಾಟರಿಯಿಂದ ಕೊಟ್ರಿ?” ಪತ್ನಿಯ ಪ್ರಶ್ನೆ.

“ಮೊದಲನೇದು.”

“ಎರಡನೇದು ಏನು ಮಾಡ್ತಿತ್ತು?”

“ಧೈರ್ಯ ಹೇಳ್ತಿತ್ತು.”

ದೊಡ್ಡದು ಮತ್ತು ಚಿಕ್ಕದು

ಐದನೇ ಮಹಡಿಯ ಯುವಕನದು ಎಲೆಕ್ಟ್ರಿಕ್ ಕಾರು. ಲಿಫ್ಟಿನಲ್ಲಿ ಸಿಕ್ಕವರಿಗೆಲ್ಲ ಡೀಸೆಲ್ಲಿನ ಪಾಪಗಳನ್ನು ವಿವರಿಸುತ್ತಿದ್ದ. ಒಂದು ಬೆಳಗ್ಗೆ ಅವನು ಕಾರಿನ ಬಾಗಿಲೇ ತೆರೆಯಲಾರದೆ ನಿಂತಿದ್ದ.

“ಚಾರ್ಜ್ ಇಲ್ವೇನ್ರಿ?” ದಾವಣಗೆರೆಯವರ ದನಿಯಲ್ಲಿ ಸಂತೋಷ ಅಡಗಲಿಲ್ಲ.

“ಫುಲ್ ಇದೆ ಸಾರ್. ದೊಡ್ಡ ಬ್ಯಾಟರಿ ಫುಲ್. ಬಾಗಿಲು ತೆಗೆಯೋಕೆ ಒಂದು ಚಿಕ್ಕದಿದೆ, ಅದು ಸತ್ತಿದೆ.”

“ದೊಡ್ಡದು ಚಿಕ್ಕದಕ್ಕೆ ಕೊಡಬಾರದಾ?”

“ಚಿಕ್ಕದು ಎಬ್ಬಿಸಿದ್ರೆ ತಾನೇ ಸಾರ್ ದೊಡ್ಡದು ಏಳೋದು!”

ಈ ಅಪಾರ್ಟ್‌ಮೆಂಟು ನಿಂತಿರುವ ಜಾಗ ಒಂದು ಕಾಲಕ್ಕೆ ಪಕ್ಕದ ಮನೆ ಗೌಡರ ರಾಗಿ ಹೊಲ. ದಿನಾ ಒಂದು ಸಲ ಬಂದು ನೋಡಿಕೊಂಡು ಹೋಗುತ್ತಾರೆ. ಅಂದೂ ಬಂದಿದ್ದ ಅವರು ತಲೆದೂಗಿದರು. “ತಾಲ್ಲೂಕಾಪೀಸು ಇದ್ದಂಗೆ ಐತೆ. ಸಾಯೇಬ್ರು ಒಳಗೇ ಅವ್ರೆ. ಜವಾನ ಬರಗಂಟ ಬಾಗ್ಲು ತೆಗೆಯಂಗಿಲ್ಲ.”

ಯುವಕ ಕಡೆಗೆ ಹ್ಯಾಂಡಲಿನಲ್ಲಿ ಅಡಗಿದ್ದ ಕೀಲಿಕಂಡಿ ಹುಡುಕಿ, ಕೀಲಿ ಹಾಕಿ ಒಳಹೊಕ್ಕು ಬಾನೆಟ್ಟು ತೆರೆದ. ದಾವಣಗೆರೆಯವರು ಈ ಸಲ ಎರಡನೇ ಬ್ಯಾಟರಿಯಿಂದಲೇ ಕೊಡುವುದೆಂದು ಹಟ ಹಿಡಿದರು. ಆದರೆ ಅದಿರುವುದು ಡಿಕ್ಕಿಯಲ್ಲಿ. ಕೇಬಲ್ಲು ಮುಟ್ಟಲಿಲ್ಲ. ಗಾಡಿ ತಿರುಗಿಸೋಣವೆಂದರೆ ಕಂಬ ಅಡ್ಡ. ಮತ್ತೆ ಮೊದಲನೆಯದೇ ಕೊಟ್ಟಿತು. ಡೀಸೆಲ್ ಗಾಡಿಯ ಒಂದು ಸ್ಪರ್ಶಕ್ಕೆ ಎಲೆಕ್ಟ್ರಿಕ್ ಕಾರು ಕಣ್ಣುಬಿಟ್ಟಿತು. ಅಹಲ್ಯೆ ಎದ್ದಾಗಲೂ ಜನ ಹೀಗೇ ನಿಂತು ನೋಡಿರಬೇಕು.

“ಥ್ಯಾಂಕ್ಸ್ ಸಾರ್. ಆದ್ರೆ ನಿಮಗೆ ಬೇಕಾದಾಗ ನನ್ನ ಕಾರಿಂದ ಕೊಡೋಕಾಗಲ್ಲ. ತಗೋಬಹುದು, ಕೊಡಬಾರದು ಅಂತ ಕಂಪನಿಯವರು ಹೇಳಿದಾರೆ.”

“ಅಂಗಾರೆ ಅದು ಕಾರಲ್ಲ ಕಣಪ್ಪ,” ಎಂದರು ಗೌಡರು. “ಅಳಿಯ.”

ಆಯುಧಪೂಜೆ

ಗಡುವಿನ ದಿನ ಬಂತು. ಬೇಸ್‌ಮೆಂಟಿನಲ್ಲಿ ಕಾರುಗಳ ಸಾಲು, ಎಲ್ಲಕ್ಕೂ ಮುಂದೆ ಬಿಳಿ ಎಸ್‌ಯುವಿ. ಬಾನೆಟ್ಟಿಗೆ ವಿಭೂತಿ, ಅದರ ಮೇಲೆ ಅಡ್ಡಡ್ಡ ಮಲ್ಲಿಗೆ ಹಾರ, ಎರಡು ಕಡೆ ಬಾಳೆಕಂಬ, ನಾಲ್ಕು ಚಕ್ರದಡಿ ನಾಲ್ಕು ನಿಂಬೆಹಣ್ಣು. ಶೋಭೆಗೆಂದು ಹೆಡ್‌ಲೈಟು ಉರಿಯುತ್ತಿತ್ತು. ಭಕ್ತಿಗೆಂದು ಸ್ಟೀರಿಯೋ ಹಾಡುತ್ತಿತ್ತು. ಪೂಜೆ ಮಾಡಬೇಕಾದ ಅಯ್ನೋರು ಮಾರತಹಳ್ಳಿಯಿಂದ “ಅಲ್ಲೇ ಬಂದ್ಬಿಟ್ಟೆ” ಎಂದು ಫೋನು ಮಾಡುತ್ತಲೇ ಇದ್ದರು.

ಅವರು ಬಂದು ಮಂಗಳಾರತಿ ಎತ್ತುವ ಹೊತ್ತಿಗೆ ಹಾಡು ನಿಂತಿತ್ತು. ದಾವಣಗೆರೆಯವರು ಕೀಲಿ ತಿರುಗಿಸಿದರು. ಟಕ್ ಎಂದಿತು, ಅಷ್ಟೇ.

ಅಷ್ಟು ಪ್ರಸನ್ನವಾದ ಮುಖವನ್ನು ನಾನು ಕಂಡಿರಲಿಲ್ಲ. ಕಿಟಕಿಯಿಂದ ತಲೆ ಹೊರಗೆ ಹಾಕಿ ಪತ್ನಿಗೆ ಹೇಳಿದರು: “ಈಗ ನೋಡು.” ಕೆಂಪು ಗುಂಡಿ ಒತ್ತಿದರು. ಬೇಸ್‌ಮೆಂಟು ಉಸಿರು ಹಿಡಿಯಿತು. ಗೌಡರೂ ಟೋಪಿ ತೆಗೆದರು.

ಮತ್ತೆ ಟಕ್ ಎಂದಿತು.

“ಎರಡನೇದೂ ಹೋಗಿದೆಯಾ? ಹೇಗೆ? ಯಾರು ಮುಟ್ಟಿದ್ರು ಅದನ್ನ?”

ಪತ್ನಿ ನಿಧಾನವಾಗಿ ಹೇಳಿದರು. “ಮೊನ್ನೆ ಇಡೀ ಬಿಲ್ಡಿಂಗಿನ ಹೂವು ತಂದ್ವಲ್ರಿ. ಮನೆ ಫ್ರಿಜ್ಜಿನಾಗೆ ಹೋಳಿಗೆ ಹೂರಣ. ಅದಕ್ಕೆ ನಿಮ್ಮ ಗಾಡಿ ಫ್ರಿಜ್ಜಿನಾಗೆ ಇಟ್ಟಿದ್ದೆ.”

ಎಲ್ಲರೂ ಹಾರಗಳನ್ನು ನೋಡಿದೆವು. ಮಲ್ಲಿಗೆ ಈಗಷ್ಟೇ ಬಿಡಿಸಿದಂತಿತ್ತು.

“ಕೇಬಲ್ ತಗೊಂಡ್ಬನ್ನಿ!” ಎಂದರು ದಾವಣಗೆರೆಯವರು. ಕೇಬಲ್ಲು ಕಣ್ಣೆದುರೇ ಇತ್ತು. ಸ್ಪ್ಯಾನರು, ಜಾಕಿನ ಜೊತೆ ಮಣೆಯ ಮೇಲೆ ಕುಂಕುಮ ಹಚ್ಚಿಕೊಂಡು ಕೂತಿತ್ತು. ಹಬ್ಬಕ್ಕೆಂದು ಬಂದಿದ್ದ ಅವರ ಅತ್ತೆ ಅಡ್ಡ ನಿಂತರು.

“ಪೂಜೆಗಿಟ್ಟ ಆಯುಧ ಇವತ್ತು ಮುಟ್ಟಂಗಿಲ್ಲ.”

“ಗಾಡಿನೂ ಪೂಜೆಗಿಟ್ಟಿದ್ದೇ ಅಲ್ವಾ ಅತ್ತೆ?”

“ಗಾಡಿ ಒಂದು ಸುತ್ತು ಹೋಗಿ ಬರ್ತದೆ. ಕೇಬಲ್ಲು ಸುತ್ತು ಹೋಗ್ತದಾ? ಮತ್ತೆ ಹಾರ ಹಾಕಿದ ಬಾನೆಟ್ಟು ಎತ್ತಿದ್ರೆ ನೋಡ್ರಿ!”

ಹಿಂದೆ ಇಡೀ ಸಾಲು ಕಾಯುತ್ತಿತ್ತು. ನಿಂಬೆಹಣ್ಣು ಒಡೆಯಲು ಇಂಜಿನ್ನೇ ಬೇಕೆಂಬ ನಿಯಮ ಉಂಟೇ ಎಂದು ಅಯ್ನೋರನ್ನು ಕೇಳಲಾಯಿತು. ಅವರು ಯೋಚಿಸಿ, “ಗಾಡಿ ಮುಂದೆ ಹೋಗಬೇಕು, ಅಷ್ಟೇ” ಎಂದರು.

“ಅಂಗಾರೆ ತಳ್ರಪ್ಪ,” ಎಂದರು ಗೌಡರು.

ಡಾಕ್ಟರ್ ಮೇಡಂ ಎಡಕ್ಕೆ, ಎಲೆಕ್ಟ್ರಿಕ್ ಯುವಕ ಬಲಕ್ಕೆ, ನಾನು ನಡುವೆ. ಎರಡು ಬ್ಯಾಟರಿಯ ಗಾಡಿ ಗೇರನ್ನು ನ್ಯೂಟ್ರಲ್ಲಿಗೆ ತಂದುಕೊಂಡು, ಮೌನವಾಗಿ, ಮಲ್ಲಿಗೆ ಘಮ ಬಿಡುತ್ತ ಮುಂದೆ ಸರಿಯಿತು. ಅಷ್ಟು ಗಂಭೀರವಾದ ಮೆರವಣಿಗೆಯನ್ನು ನಾನು ಬೇರೆಲ್ಲೂ ನೋಡಿಲ್ಲ.

ನಾಲ್ಕೂ ನಿಂಬೆಹಣ್ಣು ಒಡೆದವು. ಎರಡನೇ ಬ್ಯಾಟರಿ ಉಪಯೋಗಕ್ಕೆ ಬರುತ್ತದೆಂದು ಪತ್ನಿ ಒಪ್ಪಿ, ಅದನ್ನು ಗಾಡಿಯಲ್ಲೇ ಉಳಿಸಿದ್ದಾರೆ. ಅದರ ಫ್ರಿಜ್ಜಿನಲ್ಲಿ ಈಗ ಮೊಸರು ಇಡುತ್ತಾರೆ.