ಗುಂಡಿ ಮಂಡಳಿಯ ತೆಳು ಟೈರು

ತುಮಕೂರು ಜಿಲ್ಲಾ ರಸ್ತೆಗುಂಡಿ ಪರಿಶೀಲನಾ ಮಂಡಳಿಯು ಗುಂಡಿಗಳನ್ನು ಮುಚ್ಚುವುದಿಲ್ಲ. ಮುಚ್ಚುವುದು ಬೇರೆ ಇಲಾಖೆಯ ಕೆಲಸ. ಮಂಡಳಿಯು ಗುಂಡಿಯನ್ನು ನೋಡುತ್ತದೆ, ನೋಡಿದ ಮೇಲೆ ಗುಂಡಿ ಇದೆ ಎಂದು ಬರೆಯುತ್ತದೆ. ಹಾಗೆ ಬರೆದ ಕ್ಷಣದಿಂದ ಆ ಗುಂಡಿಯು ಅಧಿಕೃತವಾಗಿ ಅಸ್ತಿತ್ವಕ್ಕೆ ಬರುತ್ತದೆ. ಅದಕ್ಕೂ ಮೊದಲು ಅದರಲ್ಲಿ ಬಿದ್ದವರು ತಮ್ಮ ಸ್ವಂತ ಜವಾಬ್ದಾರಿಯ ಮೇಲೆ ಬಿದ್ದವರು.

ಈ ಮಂಡಳಿಯ ಕಾರ್ಯದರ್ಶಿ ದಾಕ್ಷಾಯಣಿ. ಮನೆ ಕುಣಿಗಲ್‌ನಲ್ಲಿ, ಕಚೇರಿ ತುಮಕೂರಿನಲ್ಲಿ. ದಿನಾ ಬಸ್ಸಿನಲ್ಲಿ ಓಡಾಡುವ ಅವಳಿಗೆ ದಾರಿಯ ಗುಂಡಿಗಳೆಲ್ಲ ಸೊಂಟದ ಮೂಲಕ ಪರಿಚಯ. ಕಣ್ಣುಮುಚ್ಚಿ ಕೂತರೂ ಯಾವ ಊರು ಬಂತೆಂದು ಸೊಂಟವೇ ಹೇಳುತ್ತಿತ್ತು. ಅಧ್ಯಕ್ಷರು ಒಂದು ಸಲ ಆ ರಸ್ತೆಯನ್ನು ಎಚ್ಚರವಾಗಿದ್ದು ನೋಡಲಿ ಎಂಬುದು ಅವಳ ಒಂದೇ ಆಸೆ.

ಎಚ್ಚರವಾಗಿದ್ದು ಎನ್ನಲು ಕಾರಣವಿದೆ. ಅಧ್ಯಕ್ಷ ಮಹಾಲಿಂಗಯ್ಯನವರು ಗುಬ್ಬಿ ಕಡೆಯ ದೊಡ್ಡ ತೆಂಗಿನ ತೋಟದವರು. ಚುನಾವಣೆಯಲ್ಲಿ ಟಿಕೆಟ್ ತಪ್ಪಿದಾಗ ಸಮಾಧಾನಕ್ಕೆಂದು ಪಕ್ಷವು ಅವರಿಗೆ ಜಿಲ್ಲೆಯ ಗುಂಡಿಗಳನ್ನು ಕೊಟ್ಟಿತ್ತು. ಅವರು ತುಮಕೂರಿನ ಸದಾಶಿವನಗರದಲ್ಲಿ ಮನೆ ಮಾಡಿದರು, ಮನೆ ಮುಂದಿನ ರಸ್ತೆಗೆ ಎಣ್ಣೆ ಸವರಿದಂತೆ ಡಾಂಬರು ಹಾಕಿಸಿದರು, ಆಮೇಲೆ ಮಂಡಳಿಯ ಹಳೇ ಜೀಪು ಹತ್ತಿ ಕುಣಿಗಲ್ ರಸ್ತೆಯ ಪರಿಶೀಲನೆಗೂ ಹೊರಟರು. ಆದರೆ ಆ ಜೀಪಿನ ಟೈರುಗಳು ಆನೆಯ ಪಾದದಂಥವು. ಗುಂಡಿಗೆ ಇಳಿದು ಹತ್ತುವಾಗ ಅಧ್ಯಕ್ಷರಿಗೆ ತೊಟ್ಟಿಲು ತೂಗಿದಂತಾಗಿ ನಿದ್ದೆ ಹತ್ತಿಬಿಡುತ್ತಿತ್ತು. ಎಚ್ಚರವಾದಾಗ ಕುಣಿಗಲ್ ಬಂದಿರುತ್ತಿತ್ತು.

"ರೋಡು ಚೆನ್ನಾಗೈತಲ್ಲಮ್ಮ, ಎಂಥ ನಿದ್ದೆ ಬಂತು!" ಎಂದು ಮೈಮುರಿದು, ಗುಂಡಿ ಕಂಡುಬಂದಿಲ್ಲ ಎಂದು ರುಜು ಹಾಕುತ್ತಿದ್ದರು.

ಹೀಗಿರಲಾಗಿ ಜೀಪು ಒಂದು ದಿನ ಕಚೇರಿಯ ಆವರಣದಲ್ಲೇ ಕೊನೆಯುಸಿರೆಳೆಯಿತು. ಅದೇ ಸುಮಾರಿಗೆ ಬೆಂಗಳೂರಿನಲ್ಲಿದ್ದ ಅಧ್ಯಕ್ಷರ ಷಡ್ಡಕ ಗುರುಪ್ರಕಾಶ್ ಒಂದು ಸ್ಪೋರ್ಟ್ ಲಕ್ಷುರಿ ಸೆಡಾನ್ ಕೊಂಡು, ಗೃಹಪ್ರವೇಶವೊಂದಕ್ಕೆ ಅದರಲ್ಲಿ ಬಂದಿಳಿದಿದ್ದ. ಈ ಎರಡು ಘಟನೆಗಳಿಗೆ ಯಾವುದೇ ಸಂಬಂಧವಿಲ್ಲವೆಂದು ಮಂಡಳಿಯ ನಡಾವಳಿಯಲ್ಲಿ ಸ್ಪಷ್ಟವಾಗಿ ದಾಖಲಾಗಿದೆ. ಗುಂಡಿ ಪರಿಶೀಲನೆಯಂಥ ಸೂಕ್ಷ್ಮ ಕೆಲಸಕ್ಕೆ ಸೂಕ್ಷ್ಮವಾದ ಕಾರೇ ಬೇಕೆಂದು ತೀರ್ಮಾನವಾಯಿತು. ಕಾರು ಯಾವುದೆಂಬುದು ಮೊದಲೇ ಗೊತ್ತಿದ್ದರಿಂದ, ಅದಕ್ಕೆ ಯಾವ ಟೈರು, ಯಾವ ಪ್ಯಾಕೇಜು ಎಂಬುದನ್ನು ನಿರ್ಧರಿಸಲು ಸಮಿತಿ ರಚನೆಯಾಯಿತು. ಅಧ್ಯಕ್ಷರು, ದಾಕ್ಷಾಯಣಿ, ಮತ್ತು ತಾಂತ್ರಿಕ ಸದಸ್ಯರಾಗಿ ನಿವೃತ್ತ ಎಂಜಿನಿಯರ್ ವೆಂಕಟರಂಗಯ್ಯ.

ಬೆಂಗಳೂರಿನ ಶೋರೂಮಿನಿಂದ ಸಿಂಚನಾ ಎಂಬ ಹುಡುಗಿ ಟ್ಯಾಬ್ ಹಿಡಿದು ಬಂದಳು.

"ಸರ್, ಬೇಸ್ ಕಾರ್ ಮೇಲೆ ಮೂರು ಪ್ಯಾಕೇಜ್ ಇದಾವೆ. ಕಂಫರ್ಟ್, ಸ್ಪೋರ್ಟ್, ಕೋಲ್ಡ್ ವೆದರ್."

"ಪ್ಯಾಕೇಜ್ ಅಂದ್ರೆ ನಮ್ಮಲ್ಲಿ ಹತ್ತು ಕೆಲಸ ಸೇರ್ಸಿ ಒಬ್ಬನೇ ಕಂಟ್ರಾಕ್ಟರ್‌ಗೆ ಕೊಡೋದು," ಎಂದರು ವೆಂಕಟರಂಗಯ್ಯ. "ಇಲ್ಲಿ ಕಂಟ್ರಾಕ್ಟರ್ ಯಾರು?"

"ಯಾರೂ ಇಲ್ಲ ಸರ್. ಕಂಪನಿನೇ ಹಾಕಿಕೊಡುತ್ತೆ."

ಕಂಟ್ರಾಕ್ಟರೇ ಇಲ್ಲದೆ ಪ್ಯಾಕೇಜು ಹೇಗೆ ಸಾಧ್ಯ ಎಂದು ವೆಂಕಟರಂಗಯ್ಯನವರು ಬಹಳ ಹೊತ್ತು ಚಿಂತಿಸಿದರು. ಅಷ್ಟರಲ್ಲಿ ಅಧ್ಯಕ್ಷರು ಬೆನ್ನು ಒತ್ತುವ ಸೀಟಿರುವ ಕಂಫರ್ಟನ್ನೂ, ನೆಲಕ್ಕೆ ಇನ್ನಷ್ಟು ಹತ್ತಿರವಾಗಿ ಓಡುವ ಸ್ಪೋರ್ಟನ್ನೂ ಮಂಜೂರು ಮಾಡಿಯಾಗಿತ್ತು.

"ಕೋಲ್ಡ್ ವೆದರ್ ಬೇಡ ಬಿಡಿ ಸರ್," ಎಂದಳು ಸಿಂಚನಾ. ಅವಳು ಕೆಲಸಕ್ಕೆ ಹೊಸಬಳು, ಇನ್ನೂ ನಿಜ ಹೇಳುತ್ತಿದ್ದಳು. "ಅದರಲ್ಲಿ ಸೀಟು, ಸ್ಟಿಯರಿಂಗು ಬಿಸಿ ಆಗುತ್ತೆ ಅಷ್ಟೆ. ಹಿಮ ಬೀಳೋ ದೇಶಕ್ಕೆ ಅದು."

"ಧನುರ್ಮಾಸದಲ್ಲಿ ಬೆಳಗಿನ ಜಾವ ದೇವರಾಯನದುರ್ಗಕ್ಕೆ ಹೋಗಿದೀಯೇನಮ್ಮ?" ಎಂದರು ಅಧ್ಯಕ್ಷರು.

"ಇಲ್ಲ ಸರ್."

"ಮತ್ತೆ?"

ಕೋಲ್ಡ್ ವೆದರ್ ಪ್ಯಾಕೇಜು ಸರ್ವಾನುಮತದಿಂದ ಅಂಗೀಕಾರವಾಯಿತು.

ಆಮೇಲೆ ಟೈರು. ಬೇಸಿಗೆ ಟೈರು, ಚಳಿಗಾಲದ ಟೈರು ಎಂದು ಬೇರೆ ಬೇರೆ ಇವೆ ಎಂದು ಸಿಂಚನಾ ಹೇಳಿದ್ದೇ, ಮುಂಗಾರಿಗೆ ಯಾವುದು, ಹಿಂಗಾರಿಗೆ ಯಾವುದು ಎಂದು ವೆಂಕಟರಂಗಯ್ಯ ಕೇಳಿದರು. ಎಲ್ಲ ಕಾಲಕ್ಕೂ ಆಗುವ ಟೈರೂ ಇದೆ ಎಂದಾಗ, ಎಲ್ಲ ಕಾಲಕ್ಕೂ ಆಗುವ ವಸ್ತು ಸರ್ಕಾರಿ ಸೇವೆಯಲ್ಲಿ ತಾವು ಕಂಡಿಲ್ಲವೆಂದು ತಲೆಯಾಡಿಸಿದರು.

"ಸ್ಟೆಪ್ನಿ ಎಲ್ಲಿ ಇಡ್ತೀರಿ?"

"ಸ್ಟೆಪ್ನಿ ಬರಲ್ಲ ಸರ್. ಈ ಟೈರು ಪಂಕ್ಚರ್ ಆದ್ರೂ ಸ್ವಲ್ಪ ದೂರ ಓಡುತ್ತೆ."

"ಪಂಕ್ಚರ್ ಆಗದೆ ಇದ್ರೂ ಓಡುತ್ತಾ?"

"ಓಡುತ್ತೆ ಸರ್."

"ಹಂಗೇ ಬರ್ಕೊಡಿ."

ಕೊನೆಗೆ ಉಳಿದದ್ದು ದಪ್ಪದ ಪ್ರಶ್ನೆ. ಪಕ್ಕೆ ಎತ್ತರವಾಗಿರುವ ಸಾದಾ ಟೈರೋ, ದೊಡ್ಡ ಚಕ್ರಕ್ಕೆ ಶೋಕಿಯ ಬಳೆಯಂತೆ ತೊಡಿಸುವ ಎರಡು ಬೆರಳಿನ ತೆಳು ಟೈರೋ? "ನಮ್ಮ ರೋಡ್‌ಗೆ ದಪ್ಪದ್ದೇ ಸೇಫ್ ಸರ್," ಎಂದಳು ಸಿಂಚನಾ. "ತೆಳ್ಳಂದು ಹಾಕಿದ್ರೆ ಒಂದು ಸಣ್ಣ ಕಲ್ಲಿನ ಮೇಲೆ ಹೋದ್ರೂ ಕೂತೋರ ಸೊಂಟಕ್ಕೆ ಗೊತ್ತಾಗಿಬಿಡುತ್ತೆ."

ಅಲ್ಲಿಯವರೆಗೆ ಸುಮ್ಮನೆ ಕಾಫಿ ಕುಡಿಯುತ್ತಿದ್ದ ದಾಕ್ಷಾಯಣಿ ಲೋಟ ಕೆಳಗಿಟ್ಟಳು. ಜೀಪಿನ ದಪ್ಪ ಟೈರು ಅಧ್ಯಕ್ಷರನ್ನು ಮಲಗಿಸಿತ್ತು. ತೆಳು ಟೈರು ಅವರನ್ನು ಎಬ್ಬಿಸುತ್ತದೆ. ಒಂದೇ ಒಂದು ದಿನ ಕುಣಿಗಲ್ ರಸ್ತೆ ಅವರ ಸೊಂಟಕ್ಕೆ ತಲುಪಿದರೆ, ಸಂಜೆಯೊಳಗೆ ಅವರು ಎಲ್ಲವನ್ನೂ ಬರೆಯುತ್ತಾರೆ!

"ತೆಳ್ಳಂದೇ ಇರಲಿ ಸರ್," ಎಂದಳು. ಅಷ್ಟೇ ಅಲ್ಲ, ಟಿಪ್ಪಣಿಯನ್ನೂ ಬರೆದಳು: ಗುಂಡಿಯ ಆಳವನ್ನು ಮಾನ್ಯ ಅಧ್ಯಕ್ಷರ ಆಸನದವರೆಗೆ ಯಾವುದೇ ಸೋರಿಕೆಯಿಲ್ಲದೆ, ಯಥಾವತ್ತಾಗಿ ತಲುಪಿಸುವ ಟೈರು ಪರಿಶೀಲನಾ ಕಾರ್ಯಕ್ಕೆ ಅತ್ಯವಶ್ಯಕ.

"ಗುರುಪ್ರಕಾಶಂದು ಎಷ್ಟು ದಪ್ಪ?" ಅಧ್ಯಕ್ಷರು ಸಿಂಚನಾಳನ್ನು ಮೆಲ್ಲಗೆ ಕೇಳಿದರು.

"ಇದಕ್ಕಿಂತ ಒಂದು ಸೈಜ್ ದಪ್ಪ ಸರ್."

"ಸರಿ, ಕಾರ್ಯದರ್ಶಿಗಳು ಹೇಳಿದಂಗೇ ಆಗಲಿ."

ಅಂದು ಸಂಜೆ ಬಸ್ಸು ಗುಂಡಿಗೆ ಬಿದ್ದು ತಲೆ ಮೇಲಿನ ಕಂಬಿಗೆ ತಗುಲಿದಾಗಲೂ ದಾಕ್ಷಾಯಣಿ ನಗುತ್ತಿದ್ದಳು. ಪಕ್ಕದ ಸೀಟಿನವರು ಸ್ವಲ್ಪ ದೂರ ಸರಿದು ಕೂತರು.

ಕಾರು ಬಂತು. ಅಧ್ಯಕ್ಷರ ಮನೆ ಮುಂದೆ ಪೂಜೆಯಾಯಿತು. ನಾಲ್ಕು ಚಕ್ರದಡಿಗೂ ನಿಂಬೆಹಣ್ಣಿಟ್ಟರು. ಡ್ರೈವರ್ ರುದ್ರಯ್ಯ ಕಾರನ್ನು ಮುಂದಕ್ಕೆ ಬಿಟ್ಟಾಗ ಹಿಂದೆ ವೆಂಕಟರಂಗಯ್ಯನವರ ಜೊತೆ ಕೂತಿದ್ದ ಅಧ್ಯಕ್ಷರು ಸೀಟಿನಿಂದ ಅರ್ಧ ಎದ್ದರು.

"ಏನ್ಲಾ ಅದು?"

"ನಿಂಬೆಹಣ್ಣು ಸಾ."

ನಿಂಬೆಹಣ್ಣಿಗೇ ಹೀಗಾದರೆ! ಮುಂದಿನ ಸೀಟಿನಲ್ಲಿದ್ದ ದಾಕ್ಷಾಯಣಿ ಪೆನ್ನು ತೆರೆದು ಹಿಡಿದಳು. ಕಾರ್ಯಕ್ರಮದಂತೆ ನೇರ ಕುಣಿಗಲ್‌ಗೆ ಹೊರಟರು. ಬಡಾವಣೆಯ ನುಣ್ಣನೆ ಡಾಂಬರು ಮುಗಿಯಿತು. ದೊಡ್ಡ ರಸ್ತೆಗೆ ತಿರುಗುವ ಮೂಲೆಯಲ್ಲಿ, ನಗರದಲ್ಲಿ ಎಲ್ಲರಿಗೂ ಗೊತ್ತಿರುವ, ಮಂಡಳಿಗೆ ಮಾತ್ರ ಗೊತ್ತಿಲ್ಲದ ಒಂದು ಗುಂಡಿ ಇತ್ತು. ತೆಂಗಿನಕಾಯಿ ಒಡೆದಂಥ ಸದ್ದು ಬಂತು. ಟೈರು ಸೀಳಿ, ಚಕ್ರದ ಅಂಚು ಹಪ್ಪಳದಂತೆ ಮಡಚಿಕೊಂಡಿತು.

ಅಧ್ಯಕ್ಷರು ಸೊಂಟ ಹಿಡಿದುಕೊಂಡು ಇಳಿದರು. ಗುಂಡಿಯನ್ನು ಕಣ್ತುಂಬ ನೋಡಿದರು. ಇಷ್ಟು ವರ್ಷ ದಾಕ್ಷಾಯಣಿ ಕಾದಿದ್ದ ಗಳಿಗೆ ಅದು.

"ನೋಡಿದ್ರಾ ಸರ್? ಇದೇ ಗುಂಡಿ. ಕುಣಿಗಲ್ ತನಕ ಹಿಂಗೇ."

"ನೋಡ್ದೆ ಕಣಮ್ಮ, ಚೆನ್ನಾಗಿ ನೋಡ್ದೆ." ಅವರು ಡ್ರೈವರ್ ಕಡೆ ತಿರುಗಿದರು. "ಲೇ ರುದ್ರಯ್ಯ, ಇನ್ಮೇಲೆ ಈ ಕಡೆ ಕಾರು ತರಬೇಡ."

"ಸರ್, ಗುಂಡಿ ಇದೆ ಅಂತ ಬರೀಬೇಕಲ್ಲ?"

ವೆಂಕಟರಂಗಯ್ಯನವರು ಮಧ್ಯೆ ಬಂದರು. ಅಧಿಕಾರಿಗಳು ಮನೆಯಲ್ಲೇ ಕೂತು ಗುಂಡಿ ಬರೆಯುವುದನ್ನು ತಡೆಯಲು ಹಿಂದೊಮ್ಮೆ ನಿಯಮ ಮಾಡಲಾಗಿತ್ತು: ಮಂಡಳಿಯ ವಾಹನವು ಓಡುತ್ತಿರುವಾಗ ಕಂಡ ಗುಂಡಿಯನ್ನು ಮಾತ್ರ ನಮೂದಿಸತಕ್ಕದ್ದು. "ಈಗ ವಾಹನ ನಿಂತಿದೆ," ಎಂದರು ಅವರು. "ನಿಂತಿರೋದರಿಂದ ಇದು ಬರಲ್ಲ."

"ಗುಂಡಿಯಿಂದಾನೇ ಅಲ್ವಾ ಸರ್ ನಿಂತಿರೋದು?"

"ಕಾರಣ ನಿಯಮದಲ್ಲಿ ಕೇಳಿಲ್ಲಮ್ಮ."

ಚಕ್ರ ರಿಪೇರಿಯಾಯಿತು. ಅಂದಿನಿಂದ ಕಾರು ಅಧ್ಯಕ್ಷರ ಗೇಟಿನಿಂದ ಬಡಾವಣೆಯ ಪಾರ್ಕಿನವರೆಗೆ ಹೋಗಿ, ಅಲ್ಲಿ ಜೋಪಾನವಾಗಿ ತಿರುಗಿ, ವಾಪಸು ಬರತೊಡಗಿತು. ದಿನಾ ಬೆಳಿಗ್ಗೆ ಬಿಸಿ ಸೀಟಿನಲ್ಲಿ ಬೆನ್ನು ಒತ್ತಿಸಿಕೊಳ್ಳುತ್ತ ಅಧ್ಯಕ್ಷರು ಕಿಟಕಿಯಿಂದ ರಸ್ತೆಯನ್ನು ಬಹಳ ನಿಷ್ಠುರವಾಗಿ ಪರಿಶೀಲಿಸುತ್ತಿದ್ದರು. ಒಂದೇ ಒಂದು ಗುಂಡಿಯೂ ಅವರ ಕಣ್ಣು ತಪ್ಪಿಸಿಕೊಳ್ಳುವಂತಿರಲಿಲ್ಲ. ಯಾವುದೂ ಇರಲಿಲ್ಲ.

ಒಂದು ಬೆಳಿಗ್ಗೆ ಗುಬ್ಬಿ ರಸ್ತೆಯಲ್ಲಿ ಇಡ್ಲಿ ಹೋಟೆಲಿಟ್ಟಿರುವ ಪುಟ್ಟಗಂಗಮ್ಮ ಕಚೇರಿಗೆ ಬಂದಳು. ಹೋಟೆಲಿನ ಮುಂದೆಯೇ ಗುಂಡಿ. ಅದರಲ್ಲಿ ಬೈಕಿನವರು ಬೀಳುತ್ತಾರೆ, ಎತ್ತಿ ನೀರು ಕೊಟ್ಟೂ ಕೊಟ್ಟೂ ಸಾಕಾಗಿದೆ ಎಂದಳು. ಕಾರು ಅಲ್ಲಿಗೆ ಬರಲಾಗುವುದಿಲ್ಲ, ಪರಿಶೀಲನೆ ಪಾರ್ಕಿನ ಹತ್ತಿರ ಮಾತ್ರ ನಡೆಯುತ್ತದೆ ಎಂದು ದಾಕ್ಷಾಯಣಿ ತಗ್ಗಿದ ದನಿಯಲ್ಲಿ ವಿವರಿಸಿದಳು. ಪುಟ್ಟಗಂಗಮ್ಮ ಯೋಚಿಸಿ ಹೊರಟುಹೋದಳು. ಮಾರನೆ ದಿನ ತಲೆ ಮೇಲೆ ಮಂಕರಿ ಹೊತ್ತು ಪಾರ್ಕಿನ ಹತ್ತಿರ ಕಾರಿಗೆ ಅಡ್ಡ ನಿಂತಳು.

"ನೀವು ಬರಾಕಿಲ್ಲ ಅಂದ್ರಂತೆ. ಅದ್ಕೇ ಗುಂಡಿನ ನಾನೇ ತಂದಿವ್ನಿ. ನೋಡ್ಬುಡಿ ಬುದ್ಧಿ."

ಮಂಕರಿಯಲ್ಲಿ ಜಲ್ಲಿ, ಮಣ್ಣು. ವೆಂಕಟರಂಗಯ್ಯನವರು ಕಾರಿನಿಂದಲೇ ಬಗ್ಗಿ ನೋಡಿದರು.

"ಇದು ಮಣ್ಣಮ್ಮ. ಗುಂಡಿ ಅಂದ್ರೆ ಮಣ್ಣು ಇಲ್ಲದೇ ಇರೋ ಜಾಗ. ನೀನು ಇದನ್ನ ತಂದಿದ್ದಕ್ಕೆ ಅಲ್ಲಿ ಗುಂಡಿ ಇನ್ನೂ ದೊಡ್ಡದಾಗಿರುತ್ತೆ."

"ಹಂಗಾರೆ ಈಗ ಬರೀತೀರಾ?"

"ಸರ್ಕಾರಿ ರಸ್ತೆಯ ಮಣ್ಣು ತೆಗೆದಿದ್ದಕ್ಕೆ ನಿನ್ನ ಮೇಲೆ ಬರೀಬೇಕಾಗುತ್ತೆ."

ಪುಟ್ಟಗಂಗಮ್ಮ ಮಂಕರಿ ಎತ್ತಿಕೊಂಡು ಮುಂದಿನ ಸೀಟಿನಲ್ಲಿದ್ದ ದಾಕ್ಷಾಯಣಿಯ ಮುಖ ನೋಡಿದಳು. ದಾಕ್ಷಾಯಣಿ ಪಾರ್ಕಿನ ಕಡೆ ನೋಡಿದಳು. ಈ ಟೈರು ತಾನೇ ಆರಿಸಿದ್ದಲ್ಲವೇ? ಮಧ್ಯಾಹ್ನ ಕೂತು ಗಟ್ಟಿಯಾಗಿಯೇ ಬರೆದಳು: ಮಂಡಳಿಯ ವಾಹನವು ಜಿಲ್ಲೆಯ ಯಾವ ರಸ್ತೆಗೂ ಹೋಗುತ್ತಿಲ್ಲ. ಆದ್ದರಿಂದ ಟೈರು ಬದಲಿಸಬೇಕು ಅಥವಾ ರಸ್ತೆ ಬದಲಾಗಬೇಕು.

ಸಮಿತಿಯು ಅವಳ ಟಿಪ್ಪಣಿಯನ್ನು ಅತ್ಯಂತ ಗಂಭೀರವಾಗಿ ಪರಿಗಣಿಸಿತು. ಟೈರು ಬದಲಿಸಿದರೆ ಪ್ಯಾಕೇಜು ಕೆಡುತ್ತಿತ್ತು. ಆದ್ದರಿಂದ ಎರಡನೆಯ ಸಲಹೆಯನ್ನು ಒಪ್ಪಿ, ವೆಂಕಟರಂಗಯ್ಯನವರು ರಸ್ತೆಯನ್ನು ಬದಲಿಸಿದರು. ಸುತ್ತೋಲೆ ಹೀಗಿತ್ತು:

"ಮಂಡಳಿಯ ವಾಹನವು ತನ್ನ ಟೈರಿಗೆ ಧಕ್ಕೆಯಾಗದಂತೆ ಸಂಚರಿಸಬಹುದಾದ ಮಾರ್ಗವನ್ನು ಮಾತ್ರ ರಸ್ತೆ ಎಂದು ಪರಿಗಣಿಸತಕ್ಕದ್ದು. ಉಳಿದವುಗಳನ್ನು 'ಜಾಗ' ಎಂದು ಓದಿಕೊಳ್ಳತಕ್ಕದ್ದು. ಜಾಗದಲ್ಲಿರುವ ತಗ್ಗುಗಳು ಪ್ರಕೃತಿಗೆ ಸೇರಿದವು."

ಜನ ದಂಗೆ ಏಳುತ್ತಾರೆಂದು ದಾಕ್ಷಾಯಣಿ ಕಾದಳು. ಸುತ್ತೋಲೆ ಅಂಟಿಸಿದ ದಿನ ಕಚೇರಿಯ ಕಿಟಕಿ ಗಾಜಿಗೆ ಏನಾದರೂ ಬಿದ್ದೀತೆಂದು ತನ್ನ ಕುರ್ಚಿಯನ್ನು ಗೋಡೆಯ ಕಡೆಗೆ ಸರಿಸಿಕೊಂಡಿದ್ದಳು. ಏನೂ ಬೀಳಲಿಲ್ಲ. ಮೊದಲು ಬಂದವರು ಖಾಸಗಿ ಬಸ್ಸಿನ ಮಾಲೀಕರು. ರಸ್ತೆಯೇ ಇಲ್ಲವಾದ ಮೇಲೆ ರಸ್ತೆ ತೆರಿಗೆ ಏಕೆ ಎಂದು ಕೇಳಿ, ಹಾರ ಹಾಕಿ ಹೋದರು. ವಸಂತನರಸಾಪುರ ಕೈಗಾರಿಕಾ ಪ್ರದೇಶದ ಲಾರಿಯವರು ಭಾರದ ಮಿತಿ ಇರುವುದು ರಸ್ತೆಗೆ, ಜಾಗಕ್ಕಲ್ಲ ಎಂದು ಕಂಡುಕೊಂಡು ಇನ್ನಷ್ಟು ತುಂಬಿಸಿದರು. ಹೆಲ್ಮೆಟ್ ಎಲ್ಲಿ ಎಂದು ಪೊಲೀಸಿನವರು ಗದರಿದರೆ, "ಇದು ರಸ್ತೆ ಅಲ್ಲ ಸಾರ್," ಎನ್ನುತ್ತಿದ್ದರು ಹುಡುಗರು. ಪೊಲೀಸಿನವರು ಸುತ್ತೋಲೆ ಓದಿ ನೋಡಿ, "ಹೌದಲ್ವಾ," ಎಂದು ದಾರಿ, ಅಂದರೆ ಜಾಗ, ಬಿಡುತ್ತಿದ್ದರು.

ದಾಕ್ಷಾಯಣಿ ಒಂದು ಭಾನುವಾರ ತಾನಾಗಿಯೇ ಗುಬ್ಬಿ ಕಡೆ ಹೋದಳು. ಪುಟ್ಟಗಂಗಮ್ಮನ ಕ್ಷಮೆ ಕೇಳಬೇಕೆಂದಿತ್ತು. ಹೋಗಿ ನೋಡಿದರೆ ಹೋಟೆಲಿನ ತಗಡಿನ ಚಾವಣಿ ಗುಂಡಿಯ ಅಂಚಿನವರೆಗೆ ಬೆಳೆದಿದೆ. ಬೆಂಚುಗಳು ಹೊಸವು, ಅವುಗಳ ತುಂಬ ಜನ.

"ರಸ್ತೆ ಒತ್ತುವರಿ ಮಾಡಿದೀಯ ಅಂತ ನೋಟೀಸ್ ಕೊಟ್ಟಿದ್ರಲ್ಲವ್ವ, ಈಗ ರಸ್ತೆನೇ ಇಲ್ವಲ್ಲ," ಎಂದಳು ಪುಟ್ಟಗಂಗಮ್ಮ, ಬಿಸಿ ಇಡ್ಲಿ ಮುಂದಿಡುತ್ತ. "ಗುಂಡಿ ಇರೋದ್ಕೆ ಎಲ್ರೂ ಗಾಡಿ ನಿಧಾನ ಮಾಡ್ತಾರೆ. ನಿಧಾನ ಮಾಡ್ದೋರ್ಗೆ ಸಾಂಬಾರ್ ವಾಸ್ನೆ ಹೊಡೀತದೆ. ಮೊನ್ನೆ ಯಾರೋ ಪುಣ್ಯಾತ್ಮರು ಒಂದು ಟ್ರ್ಯಾಕ್ಟರ್ ಮಣ್ಣು ತಂದು ಮುಚ್ತೀವಿ ಅಂದ್ರು. ನಮ್ಮ ಗುಂಡಿ ತಂಟೆಗ್ ಬರ್ಬೇಡಿ ಅಂತ ಬೈದು ಕಳಿಸ್ದೆ."

ದಾಕ್ಷಾಯಣಿ ಕ್ಷಮೆ ಕೇಳಲಿಲ್ಲ. ಇನ್ನೆರಡು ಇಡ್ಲಿ ಕೇಳಿದಳು.

ಆ ತಿಂಗಳ ಸಂಬಳದಲ್ಲಿ ಅವಳಿಗೆ ಒಂದು ಹೊಸ ಬಾಬತ್ತು ಕಂಡಿತು. ರಸ್ತೆಯಿಲ್ಲದ ಪ್ರದೇಶದಿಂದ ಕೆಲಸಕ್ಕೆ ಬರುವ ನೌಕರರಿಗೆ ದುರ್ಗಮ ಪ್ರದೇಶ ಭತ್ಯೆ. ಕುಣಿಗಲ್ ಈಗ ಆ ಪಟ್ಟಿಯಲ್ಲಿತ್ತು. ಇದನ್ನು ವಾಪಸು ಮಾಡಬೇಕು ಎಂದು ಮನೆಯಲ್ಲಿ ಗಂಡನಿಗೆ ಹೇಳಿದಳು.

"ಮಾಡು, ಬೇಡ ಅನ್ನಲ್ಲ," ಎಂದ ಗಂಡ, ಅವಳ ಸೊಂಟಕ್ಕೆ ಎಣ್ಣೆ ತಿಕ್ಕುತ್ತ. "ಆದ್ರೆ ರೋಡು ರಿಪೇರಿ ಆದ್ರೆ ಭತ್ಯೆ ನಿಂತುಹೋಗುತ್ತಲ್ವೇನೇ?"

ಬೋರಲು ಮಲಗಿದ್ದ ದಾಕ್ಷಾಯಣಿ ಇನ್ನೂ ಸ್ವಲ್ಪ ಕೆಳಗೆ ತಿಕ್ಕಲು ಹೇಳಿದಳು. ಮಾರನೆ ದಿನ ಬಸ್ಸು ಗುಂಡಿಗೆ ಬಿದ್ದಾಗ, ಅವಳ ಬಾಯಿಂದ ಎಂದಿನ ಬೈಗುಳ ಬರಲಿಲ್ಲ.

ವರ್ಷದ ಕೊನೆಗೆ ಜಿಲ್ಲೆಯು ಸಂಪೂರ್ಣ ಗುಂಡಿಮುಕ್ತವೆಂದು ಘೋಷಣೆಯಾಯಿತು. ಜಿಲ್ಲೆಯಲ್ಲಿದ್ದ ರಸ್ತೆ ಒಂದೇ, ಅದರಲ್ಲಿ ಗುಂಡಿ ಇರಲಿಲ್ಲವಾದ್ದರಿಂದ ಘೋಷಣೆಯಲ್ಲಿ ಸುಳ್ಳೇನೂ ಇರಲಿಲ್ಲ. ಮಹಾಲಿಂಗಯ್ಯನವರಿಗೆ ಶಾಲು ಹೊದಿಸಿದರು. ಈ ಸಾಧನೆಯನ್ನು ಅಭ್ಯಾಸ ಮಾಡಲು ನೆರೆಯ ಜಿಲ್ಲೆಯ ಮಂಡಳಿಯಿಂದ ನಿಯೋಗವೊಂದು ಬಂತು. ಅವರು ಪಾರ್ಕಿನವರೆಗೆ ಕಾರಿನಲ್ಲಿ ಹೋಗಿ ಬಂದು, ಬಿಸಿ ಸೀಟನ್ನು ಮುಟ್ಟಿ ನೋಡಿ, ಟೈರಿನ ದಪ್ಪವನ್ನು ಬೆರಳಿಟ್ಟು ಅಳೆದುಕೊಂಡರು. ಕೊನೆಗೆ ಅವರ ಕಾರ್ಯದರ್ಶಿ ಸಂಕೋಚದಿಂದ ದಾಕ್ಷಾಯಣಿಯನ್ನು ಪಕ್ಕಕ್ಕೆ ಕರೆದ.

"ಮೇಡಂ, ನಮ್ಮಲ್ಲಿ ಒಂದು ತೊಂದರೆ. ಅಧ್ಯಕ್ಷರ ಗೇಟಿನ ಮುಂದೇನೇ ಗುಂಡಿ ಇದೆ. ಈ ಟೈರು ಹಾಕಿದ್ರೆ ಅದು ಕಂಡುಬಿಡುತ್ತಲ್ಲ?"

ದಾಕ್ಷಾಯಣಿ ಹುಬ್ಬು ಗಂಟಿಕ್ಕಿ, ಆ ಸಮಸ್ಯೆಯನ್ನು ಎಲ್ಲ ಕೋನಗಳಿಂದಲೂ ಪ್ರಾಮಾಣಿಕವಾಗಿ ಯೋಚಿಸಿದಳು.

"ಹಂಗಾದ್ರೆ ನೀವು ಇನ್ನೂ ಒಂದು ಸೈಜ್ ತೆಳ್ಳಂದು ತಗೊಳ್ಳಿ," ಎಂದಳು. "ಕಾರು ಗೇಟಿಂದ ಆಚೆಗೇ ಬರಲ್ಲ."

ಅವನು ಕೃತಜ್ಞತೆಯಿಂದ ತಲೆದೂಗಿ, ಶೋರೂಮಿನ ಫೋನ್ ನಂಬರ್ ಕೇಳಿದ.