ಕಾಕಾನ ಲಾರಿಯ ವೈರುಗಳ ವಂಶಾವಳಿ

ಹಳೆಯ ವಸ್ತು ಕೊಳ್ಳುವವರಿಗೆ ಒಂದು ಸಂಗತಿ ತಡವಾಗಿ ತಿಳಿಯುತ್ತದೆ. ವಸ್ತುವಿನ ಜೊತೆಗೆ ಹಿಂದಿನ ಯಜಮಾನರ ಚಟಗಳೂ ಮನೆಗೆ ಬರುತ್ತವೆ. ಹಳೆಯ ಕಪಾಟು ತಂದರೆ ಅದರ ಕನ್ನಡಿಗೆ ಯಾರೋ ಅಂಟಿಸಿದ ಟಿಕಳಿ ಬರುತ್ತದೆ. ಹಳೆಯ ಸೈಕಲ್ಲು ತಂದರೆ ಎಡಕ್ಕೇ ಎಳೆಯುವ ಅದರ ಹಟ ಬರುತ್ತದೆ. ನಮ್ಮ ಶಿವಪುತ್ರ ಕಾಕಾ ಮೂಡಲಗಿಯಿಂದ ಹಳೆಯ ಮಿನಿ ಲಾರಿಯೊಂದನ್ನು ಮಮದಾಪುರಕ್ಕೆ ತಂದಾಗ ಅದರೊಳಗೆ ಮೂವರು ಹಿಂದಿನ ಯಜಮಾನರು ಕುಳಿತೇ ಬಂದಿದ್ದರು. ನಮಗೆ ಕಾಣಿಸುತ್ತಿರಲಿಲ್ಲ, ಅಷ್ಟೆ.

ನನ್ನ ಬಗ್ಗೆಯೂ ಮೊದಲೇ ಹೇಳಿಬಿಡುತ್ತೇನೆ. ನಾನು ಕಂಡವರ ನಕಲು ಮಾಡುವವನು. ಬಸ್ ಕಂಡಕ್ಟರು, ಸಾಲಿ ಮಾಸ್ತರು, ಊಟಕ್ಕೆ ಮುನಿಸಿಕೊಂಡ ಬೀಗರು, ಕೆಮ್ಮುವ ಎಮ್ಮೆ, ಯಾರನ್ನೂ ಬಿಟ್ಟಿಲ್ಲ. ಡಿಗ್ರಿ ಮುಗಿಸಿದ ಮೇಲೆ ನನಗೆ ಸಿಕ್ಕ ಹುದ್ದೆ ಕಾಕಾನ ಬಾಜೂ ಸೀಟು. ದಾರಿಯುದ್ದಕ್ಕೂ ಮಾತಾಡಿ ಕಾಕಾನಿಗೆ ತೂಕಡಿಕೆ ಬರದಂತೆ ನೋಡಿಕೊಳ್ಳುವುದು ನನ್ನ ಕೆಲಸ. ಕಾಕಾನ ಪ್ರಕಾರ ನಾನು ಬಾಯಿ ಮುಚ್ಚಿದ್ದರೆ ಆತ ಇನ್ನೂ ಚೆನ್ನಾಗಿ ಎಚ್ಚರವಿರುತ್ತಾನೆ.

ಕಾಕಾ ಇಪ್ಪತ್ತು ವರ್ಷ ಇನ್ನೊಬ್ಬರ ಗಾಡಿ ಓಡಿಸಿದವನು. ಸ್ವಂತ ಗಾಡಿಯ ಚಾವಿ ಕಿಸೆಗೆ ಬಿದ್ದದ್ದು ಇದೇ ಮೊದಲು. ದಿನಾ ಬೆಳಗ್ಗೆ ನಮ್ಮ ಭಾಗದ ಕಾಯಿಪಲ್ಯೆ ತುಂಬಿಕೊಂಡು ಹುಕ್ಕೇರಿಯ ವ್ಯಾಪಾರಿಯೊಬ್ಬರಿಗೆ ಮುಟ್ಟಿಸುವ ಕೆಲಸವೂ ಸಿಕ್ಕಿತ್ತು. ಲಾರಿ ಬಂದ ಮರುದಿನ ಆಯಿ, ಅಂದರೆ ನನ್ನ ಅಜ್ಜಿ, ಸ್ಟೇರಿಂಗಿಗೆ ವಿಭೂತಿ ಬಳಿದು ಕಾಯಿ ಒಡೆದಳು. ಕ್ಯಾಬಿನ್ನಿನ ಗೂಡಿನಲ್ಲಿ ಹಿಂದಿನವರ ದೇವಿಯ ಪಟವೊಂದು ಒಣಗಿದ ಮಾಲೆಯೊಳಗೆ ಮುಳುಗಿತ್ತು. ಬೇರೆಯವರ ದೇವರನ್ನು ಕೀಳಲು ಕಾಕಾನಿಗೆ ಮನಸ್ಸಾಗಲಿಲ್ಲ. ನಮ್ಮವನಿಗೂ ಜಾಗ ಬೇಕಲ್ಲ ಎಂದು ಅದರ ಮುಂದೆಯೇ ಬಸವಣ್ಣನ ಫೋಟೋ ತೂಗುಹಾಕಿದ. ಮರುದಿನ ಆಯಿ ಫೋಟೋ ಮುಟ್ಟಿ ನಮಸ್ಕಾರ ಮಾಡಿದವಳೇ, "ಶಿವಪುತ್ರಾ, ಬಸವಣ್ಣ ಬೆಚ್ಚಗ ಅದಾನಲ್ಲೋ! ಅಪ್ಪಾ ಎಚ್ಚರದಾಗ ಅದಾನ!" ಎಂದು ಕೂಗಿದಳು. ಓಣಿಯ ಹೆಂಗಸರು ಒಬ್ಬೊಬ್ಬರೇ ಹತ್ತಿ ಮುಟ್ಟಿ ಇಳಿದರು. ಸಂಜೆ ಗುಡಿಕಟ್ಟೆಯ ಮೇಲೆ ನಾನು ಟಾವೆಲ್ಲನ್ನೇ ಸೆರಗು ಮಾಡಿಕೊಂಡು, ಬಾಗಿದ ಬೆನ್ನಿನಿಂದ "ಬಸವಣ್ಣ ಬೆಚ್ಚಗ ಅದಾನಲ್ಲೋ!" ಎಂದು ಎರಡು ಪ್ರದರ್ಶನ ಕೊಟ್ಟೆ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು.

ಅದರ ಮರುದಿನದಿಂದ ನಗು ನಿಂತಿತು. ಬೆಳಗ್ಗೆ ಚಾವಿ ತಿರುವಿದರೆ ಲಾರಿ ಟಕ್ ಎನ್ನುತ್ತಿತ್ತು, ಮುಂದೆ ಮಾತಿಲ್ಲ. ಬ್ಯಾಟರಿ ಪೂರ್ತಿ ಇಳಿದಿರುತ್ತಿತ್ತು. ಚಾರ್ಜ್ ಮಾಡಿಸಿದರೂ ಅಷ್ಟೆ, ಬೆಳಗಾಗುವಷ್ಟರಲ್ಲಿ ಯಾರೋ ಕುಡಿದು ಖಾಲಿ ಮಾಡುತ್ತಿದ್ದರು. ಓಣಿಯವರೆಲ್ಲ ಸೇರಿ ನೂಕುವುದು ನಿತ್ಯದ ವ್ಯಾಯಾಮವಾಯಿತು. ವಾರದೊಳಗೆ ಹುಕ್ಕೇರಿಯ ವ್ಯಾಪಾರಿಯ ಫೋನು ಬಂತು. "ಶಿವಪುತ್ರಾ, ಗಿರಾಕಿ ಮನೀಗೆ ಹೋದ ಮ್ಯಾಲ ನಾ ಬದನಿಕಾಯಿ ಯಾರಿಗೆ ಮಾರ್ಲಿ? ಇನ್ನೊಮ್ಮಿ ತಡಾ ಆತಂದ್ರ ಬ್ಯಾರೆ ಗಾಡಿ ನೋಡ್ತೇನಿ." ಕಾಕಾ "ಆತ್ರೀ, ಆತ್ರೀ" ಎಂದು ಫೋನು ಇಟ್ಟ. ಅದು ನಕಲು ಮಾಡಲು ಬಹಳ ಒಳ್ಳೆಯ ದನಿಯಾಗಿತ್ತು. ಆದರೆ ಕಾಕಾನ ಮುಖ ನೋಡಿ ಆ ಆಸೆ ಬಿಟ್ಟೆ.

ಗೋಕಾಕದಲ್ಲಿ ಗಾಡಿಗಳ ವೈರಿಂಗ್ ಮಾಡುವ ರಾಜೇಸಾಬರು ಡ್ಯಾಶ್‌ಬೋರ್ಡಿನ ಕೆಳಗೆ ತಲೆ ಹಾಕಿ, ಬಹಳ ಹೊತ್ತಿನ ಮೇಲೆ ತೆಗೆದರು. "ಇದು ವೈರಿಂಗ್ ಅಲ್ಲೋ ತಮ್ಮಾ, ಶ್ಯಾವಿಗಿ" ಎಂದರು. ಕಂಪನಿ ಹಾಕಿದ ವೈರುಗಳು ಕರಿ ಕೊಳವೆಯೊಳಗೆ ಪ್ರಾರ್ಥನೆಗೆ ನಿಂತ ಮಕ್ಕಳಂತೆ ಸಾಲಾಗಿ ಹೋಗಿದ್ದವು. ಆಮೇಲೆ ಹಚ್ಚಿದವು ಕರೆಯದೆ ಮದುವೆಗೆ ಬಂದವರಂತೆ ಕಂಡಲ್ಲೆಲ್ಲ ನುಗ್ಗಿದ್ದವು. ರಾಜೇಸಾಬರು ಬ್ಯಾಟರಿಯ ಒಂದು ಕಡೆಯ ವೈರು ಬಿಚ್ಚಿ ನಡುವೆ ಒಂದು ಸಣ್ಣ ಬಲ್ಬು ಸೇರಿಸಿದರು. ಚಾವಿ ಕಾಕಾನ ಕಿಸೆಯಲ್ಲಿತ್ತು, ಬಲ್ಬು ಮಾತ್ರ ಝಗ್ಗೆಂದು ಹತ್ತಿತು. "ನೋಡ್ರಿ, ಗಾಡಿ ಮಲಗೈತಿ, ಒಳಗ ಯಾರೋ ಉಣ್ಣಾಕತ್ತಾರ. ಈ ಬಲ್ಬ್ ಆರೂತನಾ ಹುಡಕೂಣು. ಆದರ ಒಂದ ಮಾತು: ಮೊದಲ ಯಾವ ವೈರು ಯಾತರದಂತ ಚೀಟಿ ಹಚ್ಚೂದು, ಆಮ್ಯಾಲ ಕತ್ತರಸೂದು."

ಚೀಟಿ ಹಚ್ಚುವ ಕೆಲಸ ನನ್ನದಾಯಿತು. ಒಂದೊಂದು ವೈರಿನ ಬೆನ್ನು ಹತ್ತಿ ಹೋಗುವುದರಲ್ಲಿ ಎಂಥ ರುಚಿಯಿದೆ ಎಂದು ಅಂದೇ ಗೊತ್ತಾದದ್ದು. ನಮ್ಮ ಕಡೆ ಹೆಳವರು ಮನೆ ಬಾಗಿಲಿಗೆ ಬಂದು ವಂಶಾವಳಿ ಓದಿ ಹೇಳುತ್ತಾರಲ್ಲ, ಅವರ ಧಾಟಿಯಲ್ಲೇ ನಾನೂ ಶುರು ಮಾಡಿದೆ. ಈ ಕೆಂಪು ವೈರು ಒಂದು ಫ್ಯಾನಿಗೆ ಹೋಗುತ್ತಿತ್ತು. ಫ್ಯಾನು ಹೋಗಿ ಎಷ್ಟೋ ಕಾಲವಾಗಿದೆ, ವೈರು ಇನ್ನೂ ಗಾಳಿಗಾಗಿ ಕಾದಿದೆ. ಈ ಯಜಮಾನನಿಗೆ ಬೆವರು ಜಾಸ್ತಿ. ಮನೆಯ ಕರೆಗಂಟೆಗೆ ಹಾಕುವ ಈ ಹಸಿರು ವೈರು ಸೀಟಿನ ಹಿಂದಿನ ಸೌಂಡ್ ಬಾಕ್ಸಿನದು. ಈತನಿಗೆ ಹಾಡಿನ ಹುಚ್ಚು, ಮನೆಯಲ್ಲಿ ಕರೆಗಂಟೆ ಕೆಟ್ಟಿರಬೇಕು. ಇದು ಹಿಂದಕ್ಕೆ ಬಂದಾಗ ಹಾಡುವ ಹಾರ್ನಿನದು. ಇದೊಂದು ಎಲ್ಲಿಂದಲೋ ಹೊರಟು, ಸೀಟಿನ ಕೆಳಗೆ ಹಾಯ್ದು, ಮತ್ತೆ ಹೊರಟಲ್ಲಿಗೇ ಬಂದಿದೆ. ಈತ ನನ್ನಂಥವನು. ರಾಜೇಸಾಬರು ನಗುತ್ತ ಒಂದೊಂದನ್ನೇ ಬಿಡಿಸಿ ಟೇಪು ಸುತ್ತಿದರು. ಕೆಲವು ವೈರು ಬಿಡಿಸಿದಾಗ ಬಲ್ಬಿನ ಬೆಳಕು ತುಸು ಇಳಿಯಿತು, ಕತ್ತಲಾದರೂ ಪೂರ್ತಿ ಮಾತ್ರ ಆರಲಿಲ್ಲ.

ಹೆಳವನ ಗತ್ತಿನಲ್ಲಿದ್ದ ನಾನು ಒಂದು ಕಡೆ ಚೀಟಿ ಮರೆತು ಕತ್ತರಿಸಿಯೇಬಿಟ್ಟೆ. ಏನೂ ಆಗಲಿಲ್ಲ ಎಂದುಕೊಂಡೆವು. ಆಗಿದ್ದು ಮರುದಿನ ಹುಕ್ಕೇರಿಯ ಸಂತೆಯ ಗದ್ದಲದಲ್ಲಿ ಗೊತ್ತಾಯಿತು. ಕಂಪನಿಯ ಅಸಲಿ ಹಾರ್ನೇ ಸತ್ತಿತ್ತು. "ನೀನ ಕತ್ತರಸೀದಿ, ನೀನ ಹೊಡಿ" ಎಂದ ಕಾಕಾ. ಕಿಟಕಿಯಿಂದ ತಲೆ ಹೊರಗೆ ಹಾಕಿ ಸಂತೆ ದಾಟುವತನಕ ಬಾಯಿಂದಲೇ ಪೋಂ ಪೋಂ ಎಂದೆ. ಜನ ದಾರಿ ಬಿಟ್ಟರು. ಒಬ್ಬ ಮುದುಕ ಮಾತ್ರ ನಿಂತು, "ತಮ್ಮಾ, ಇನ್ನೊಮ್ಮಿ ಹೊಡಿ" ಎಂದ.

ಅಂದು ಲಾರಿ ಮತ್ತೆ ನೂಕಿಯೇ ಹೊರಟಿತ್ತು. ಹುಕ್ಕೇರಿ ಮುಟ್ಟಿದ್ದು ಕೊನೇ ಗಳಿಗೆಯಲ್ಲಿ. ವ್ಯಾಪಾರಿ ಬರೀ ಗಡಿಯಾರ ನೋಡಿದರು. ಬೈದಿದ್ದರೇ ಕಾಕಾನಿಗೆ ಹಿತವಾಗುತ್ತಿತ್ತು. ಅಲ್ಲಿಂದ ನೇರ ಗೋಕಾಕಕ್ಕೆ ಬಂದೆವು. ರಾಜೇಸಾಬರು ಹಾರ್ನ್ ಜೋಡಿಸಿ, ಫ್ಯೂಸುಗಳನ್ನೆಲ್ಲ ಕಿತ್ತು, ಮತ್ತೆ ಬಲ್ಬು ಹಚ್ಚಿದರು. ಬಲ್ಬು ಮಿಣುಕು ಹುಳದಷ್ಟು ಹತ್ತೇ ಇತ್ತು. "ಎಲ್ಲಾ ಫ್ಯೂಸ್ ಹೊರಗ ಅದಾವ. ಅಂದ್ರ ಯಾಂವನೋ ಬ್ಯಾಟರೀಗೆ ಸೀದಾ ಬಾಯಿ ಹಚ್ಯಾನ" ಎಂದರು. ಕಾಕಾ ಗಾಲಿಯ ಬಳಿ ಕುಳಿತುಬಿಟ್ಟ. "ಬಿಡ್ರಿ ರಾಜೇಸಾಬ್ರ. ಮೂಡಲಗೀಗೆ ವಾಪಸ್ ಕೊಟ್ಟು, ಮತ್ತ ಮಂದೀ ಗಾಡಿ ಓಡಸ್ತೇನಿ."

ಇಂಥ ಹೊತ್ತಿನಲ್ಲಿ ನನಗೆ ಗೊತ್ತಿರುವ ಔಷಧ ಒಂದೇ. ಹೆಗಲ ಟಾವೆಲ್ಲು ತಲೆಗೆ ಏರಿತು, ಬೆನ್ನು ಬಾಗಿತು. "ಶಿವಪುತ್ರಾ, ಯಾಕ ಅಂಜತೀಯೋ? ಬಸವಣ್ಣ ಬೆಚ್ಚಗ ಅದಾನಲ್ಲೋ! ಅಪ್ಪಾ ಎಚ್ಚರದಾಗ ಅದಾನ!"

ಕಾಕಾ ತುಸು ನಕ್ಕ. ರಾಜೇಸಾಬರು ನಗಲಿಲ್ಲ. "ಏನಂದಿ? ಇನ್ನೊಮ್ಮಿ ಅನ್ನು."

ಮೆಚ್ಚುಗೆಯೆಂದು ತಿಳಿದು ಇನ್ನಷ್ಟು ನಡುಗುವ ದನಿಯಲ್ಲಿ ಅಂದೆ.

"ಬೆಚ್ಚಗ ಅದಾನಂದ್ರ? ಯಾರು, ಎಲ್ಲಿ?"

ಆಯಿ ಫೋಟೋ ಮುಟ್ಟಿದ ಕತೆ ಹೇಳಿದೆ. ಮೂವರೂ ಕ್ಯಾಬಿನ್ ಹತ್ತಿದೆವು. ಬಸವಣ್ಣನನ್ನು ಕೈಮುಗಿದು ಕೆಳಗಿಳಿಸಿದೆವು. ಹಿಂದಿನ ದೇವಿಯ ಪಟದ ಸುತ್ತ, ಒಣ ಮಾಲೆಯೊಳಗೆ ಮೂರು ಹಳೆಯ ಬಲ್ಬು. ಊದುಬತ್ತಿಯ ಮಸಿ ಎಷ್ಟು ಹತ್ತಿತ್ತೆಂದರೆ ಅವು ಒಣಗಿದ ನೆಲ್ಲಿಕಾಯಿಯಂತೆ ಕಾಣುತ್ತಿದ್ದವು. ದೇವರ ದೀಪ ಎಂದೂ ಆರಬಾರದೆಂದು ಯಾವನೋ ಪುಣ್ಯಾತ್ಮ ಚಾವಿ, ಫ್ಯೂಸು ಎಲ್ಲವನ್ನೂ ದಾಟಿಸಿ ಬ್ಯಾಟರಿಯಿಂದ ನೇರ ವೈರು ಎಳೆದಿದ್ದ. ನಂದಾದೀಪ ಹಗಲೂ ರಾತ್ರಿ ಉರಿದು ಬಸವಣ್ಣನ ಬೆನ್ನು ಕಾಸುತ್ತಿತ್ತು.

ಈಗ ಹೊಸ ತೊಡಕು. ಕತ್ತರಿಸುವವರು ಯಾರು? "ದೇವರ ದೀಪಾ ಆರಿಸಿ ನಾ ಧಂದೆ ಮಾಡ್ಲ್ಯಾ?" ಎಂದು ಕಾಕಾ ಹಿಂದೆ ಸರಿದ. "ನಿಮ್ಮ ದೇವರು, ನೀವ ಹೇಳ್ರಿ" ಎಂದು ರಾಜೇಸಾಬರು ಇಕ್ಕಳ ಕೆಳಗಿಟ್ಟರು. ಹಾರ್ನಿನ ಮೇಲೆ ಅಷ್ಟು ಶೂರನಾಗಿದ್ದ ನಾನೂ ಕೈ ಕಿಸೆಯಲ್ಲಿಟ್ಟುಕೊಂಡೆ. ಕೊನೆಗೆ ಆಯಿಗೆ ಫೋನು ಹಚ್ಚಿದೆವು. ಆಯಿ ಪೂರ್ತಿ ಕೇಳಿ, "ಗಾಡಿ ದುಡಿಯೂವಾಗ ದೀಪಾ ಹತ್ಲಿ. ಗಾಡಿ ಮಲಗಿದ ಮ್ಯಾಲ ದೇವ್ರೂ ತುಸು ಮಲಗ್ಲಿ. ಅದಕ್ಕ ಮೂರ ಮಂದಿ ಗಂಡಸ್ರು ನಿಂತೀರಿ?" ಎಂದಳು. ರಾಜೇಸಾಬರು ಆ ವೈರನ್ನು ಚಾವಿಯ ಕಡೆ ಜೋಡಿಸಿ, ನಡುವೆ ಒಂದು ಫ್ಯೂಸು ಹಾಕಿದರು. ಪರೀಕ್ಷೆಯ ಬಲ್ಬು ಪೂರ್ತಿ ಆರಿತು.

ಮರುದಿನ ಚಾವಿ ತಿರುವಿದ್ದೇ ತಡ, ಲಾರಿ ಗುರ್ ಎಂದಿತು. ನೂಕಲು ಬಂದ ಓಣಿಯವರು ಸುಮ್ಮನೆ ಕೈ ಒರೆಸಿಕೊಂಡು ಹೋದರು. ಹುಕ್ಕೇರಿಯಲ್ಲಿ ವ್ಯಾಪಾರಿ ಅಂಗಡಿ ತೆರೆಯುವ ಮುಂಚೆಯೇ ನಾವು ನಿಂತಿದ್ದೆವು. ಕಾಕಾ ಬೇಕೆಂದೇ ಗಡಿಯಾರ ನೋಡಿಕೊಂಡ.

ನನ್ನ ಪಾಡು ಮಾತ್ರ ಕೇಳಬೇಡಿ. ಎಲ್ಲರಿಗಿಂತ ಮೊದಲೇ ರೋಗ ಹೇಳಿದವಳು ಆಯಿ, ಅದನ್ನು ಊರಿಗೆಲ್ಲ ನಕಲು ಮಾಡಿ ತೋರಿಸಿದವನು ನಾನು. ಈಗ ಸಂಜೆಯಾದರೆ ಆಯಿ, ಕಾಕಾನ ಬಾಯಿಂದ ಎಲ್ಲ ಕೇಳಿಕೊಂಡು, ಅದೇ ಗುಡಿಕಟ್ಟೆಯ ಮೇಲೆ ನನ್ನದೇ ನಕಲಿಗೆ ಕೂಡುತ್ತಾಳೆ. ಕೋಲನ್ನು ವೈರಿನಂತೆ ಕಣ್ಣಿಗೆ ಹಿಡಿದು, ಮೂಗು ಏರಿಸಿ, ಹೆಳವರ ಧಾಟಿಯಲ್ಲಿ ವಂಶಾವಳಿ ಓದಿ, ಕೊನೆಗೆ ಕಿಟಕಿಯಿಂದ ತಲೆ ಹಾಕಿದಂತೆ ಪೋಂ ಪೋಂ ಎನ್ನುತ್ತಾಳೆ. ಜನ ನನ್ನ ಪ್ರದರ್ಶನಕ್ಕಿಂತ ಹೆಚ್ಚು ನಗುತ್ತಾರೆ. ಈ ಹಾಳು ವಿದ್ಯೆ ನನಗೆ ಎಲ್ಲಿಂದ ಬಂತೆಂದು ಮನೆಯವರೆಲ್ಲ ಎಷ್ಟೋ ವರ್ಷದಿಂದ ಹುಡುಕುತ್ತಿದ್ದರು. ಆಯಿಯಿಂದ ಸೀದಾ ಎಳೆದ ವೈರು, ನಡುವೆ ಚಾವಿಯೂ ಇಲ್ಲ, ಫ್ಯೂಸೂ ಇಲ್ಲ.