ಸೀಟಿ, ಸ್ಟಾಪ್‌ವಾಚು ಮತ್ತು ಅತ್ತೆಯವರ ಫೋಟೋ

ನಮ್ಮ ಮನೆಯ ಕಂಪ್ಯೂಟರಿನಲ್ಲಿ ಒಂದು ಫೋಟೋ ತೆರೆಯಲು ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದನ್ನು ನನ್ನ ಹೆಂಡತಿ ನಿಮಿಷದ ಲೆಕ್ಕದಲ್ಲಿ ಹೇಳುವುದಿಲ್ಲ, ಹಾಲು ಕಾಯಿಸುವ ಲೆಕ್ಕದಲ್ಲಿ ಹೇಳುತ್ತಾಳೆ. ನಾನು ಕ್ಲಿಕ್ ಮಾಡುವಾಗ ಅವಳು ಒಲೆಯ ಮೇಲೆ ಹಾಲಿಟ್ಟರೆ, ಅದು ಉಕ್ಕುವ ಹೊತ್ತಿಗೆ ಫೋಟೋದಲ್ಲಿರುವವರ ಹಣೆ ಕಾಣಿಸುತ್ತದೆ. ಒಲೆ ಒರೆಸಿ ಮುಗಿಸುವಷ್ಟರಲ್ಲಿ ಮೂಗು ಬರುತ್ತದೆ. ಬಾಯಿ ಬರುವಷ್ಟರಲ್ಲಿ, ಹಾಲು ಉಕ್ಕಿದ್ದು ಯಾರ ತಪ್ಪು ಎಂದು ನಮ್ಮಿಬ್ಬರ ಬಾಯಿ ಶುರುವಾಗಿರುತ್ತದೆ.

ನನ್ನಂಥವನಿಗೆ ಇದು ಆಗಬಾರದ ಅವಮಾನ. ನಾನು ಹೈಸ್ಕೂಲಿನ ಡ್ರಿಲ್ ಮೇಷ್ಟ್ರು. ಇಪ್ಪತ್ತೆರಡು ವರ್ಷದಿಂದ ಕೊರಳಲ್ಲಿ ಸೀಟಿ, ಕೈಯಲ್ಲಿ ಸ್ಟಾಪ್‌ವಾಚು. ಸಾವಿರಾರು ಮಕ್ಕಳನ್ನು ಓಡಿಸಿದ್ದೇನೆ. (ನೀವೂ ಓಡುತ್ತೀರಾ ಎಂದು ಕೇಳಬೇಡಿ. ಸೀಟಿ ಊದುವವನೂ ಓಡಿದರೆ ಸೀಟಿ ಊದುವವರು ಯಾರು?)

ನಿಜ ಹೇಳಬೇಕೆಂದರೆ, ಈ ನಿಧಾನದಿಂದ ನನಗೊಂದು ಉಪಕಾರವೂ ಇತ್ತು. ನಮ್ಮ ನಡುಮನೆಯ ಗೋಡೆಯ ಆಚೆಗೆ ಬಚ್ಚಲುಮನೆ. ಪೈಪು ಎಲ್ಲೋ ಸೋರಿ, ಈಚೆ ಗೋಡೆಯಲ್ಲಿ ತೇವದ ಕಲೆ ಎದ್ದಿದೆ, ಸರಿಯಾಗಿ ನನ್ನ ಬೆತ್ತದ ಕುರ್ಚಿಯ ಹಿಂದೆ. “ಎಂಟು ವರ್ಷದಿಂದ ನಾಳೆ ಮಾಡಿಸ್ತೀನಿ, ನಾಳೆ ಮಾಡಿಸ್ತೀನಿ ಅಂತಿದ್ದೀರಿ” ಎಂಬುದು ಅವಳ ವಾದ. “ಎಂಟು ವರ್ಷ ಎಲ್ಲಿ ಬಂತು? ಹೋದ ವರ್ಷ ಬಂದಿದ್ದು ಅದು. ಬೇಕಾದ್ರೆ ಹಳೇ ಫೋಟೋ ತೆಗೆದು ನೋಡು” ಎಂಬುದು ನನ್ನ ವಾದ. ತೆಗೆದು ನೋಡುವಷ್ಟು ಆಯುಷ್ಯ ಯಾರಿಗಿದೆ? ಮೂರನೇ ಫೋಟೋಕ್ಕೆ ಅವಳು ಎದ್ದುಹೋಗುತ್ತಿದ್ದಳು, ಮೊಕದ್ದಮೆ ಮುಂದಕ್ಕೆ ಹೋಗುತ್ತಿತ್ತು. ಅಂಥ ನೆಮ್ಮದಿಯನ್ನು ನಾನೇ ಕೈಯಾರೆ ಹಾಳುಮಾಡಿಕೊಂಡೆ. ಇರಲಾರದೆ ಇರುವೆ ಬಿಟ್ಟುಕೊಳ್ಳುವುದು ಎಂದರೆ ಇದೇ.

ಶುರುವಾದದ್ದು ಒಂದು ಗುರುವಾರ.

“ಭಾನುವಾರ ಅಮ್ಮ ಬರ್ತಾರೆ ರೀ. ಎಪ್ಪತ್ತೈದು ತುಂಬುತ್ತೆ ಅವರಿಗೆ. ಹಳೇ ಫೋಟೋ ಎಲ್ಲಾ ನೋಡ್ಬೇಕು ಅಂತಿದ್ದಾರೆ” ಎಂದಳು ಹೆಂಡತಿ.

“ಅದಕ್ಕೇನು, ತೋರಿಸೋಣ.”

“ನಿಮ್ಮ ಡಬ್ಬದಲ್ಲಿ ತೋರಿಸಿದ್ರೆ, ನೋಡಿ ಮುಗಿಸೋಷ್ಟರಲ್ಲಿ ನೂರು ತುಂಬಿರುತ್ತೆ.”

“ಕಂಪ್ಯೂಟರಿನ ತಪ್ಪಲ್ಲ ಕಣೇ. ಫೋಟೋ ತೋರಿಸೋ ಸಾಫ್ಟ್‌ವೇರು ಭಾರ.”

“ಕುಣೀಲಾರದವಳು ನೆಲ ಡೊಂಕು ಅಂದಳಂತೆ. ನೋಡ್ರೀ, ಭಾನುವಾರ ಅಮ್ಮನ ಮುಂದೆ ಫೋಟೋ ಪಟಪಟಾಂತ ಬರಲಿಲ್ಲವೋ, ಆ ಡಬ್ಬ ಅಟ್ಟಕ್ಕೆ. ಆ ಬೆಳಕಿನ ಜಾಗ ನನ್ನ ಹೊಲಿಗೆ ಮಿಷನ್ನಿಗೆ. ಒಳಕೋಣೆ ಕತ್ತಲಲ್ಲಿ ಟಾರ್ಚ್ ಹಿಡ್ಕೊಂಡು ಸೂಜಿಗೆ ದಾರ ಪೋಣಿಸಿ ಪೋಣಿಸಿ ನನ್ನ ಕಣ್ಣೇ ಹೋಯ್ತು.”

ಕಿಟಕಿ ಪಕ್ಕದ ಆ ಮೂಲೆ ಈ ಮನೆಯಲ್ಲಿ ನನಗಿರುವ ಏಕೈಕ ಸಾಮ್ರಾಜ್ಯ. (ಕುರ್ಚಿಯೂ ನನ್ನದೇ, ಆದರೆ ಅದು ಸಿಂಹಾಸನ, ಬೇರೆ ಲೆಕ್ಕ.) ಅದು ಕೈತಪ್ಪುವುದೆಂದರೆ ಸುಮ್ಮನೆ ಮಾತೇ? ಕಾಲೇಜಿಗೆ ಹೊರಟಿದ್ದ ಮಗಳು ಚಪ್ಪಲಿ ಹಾಕಿಕೊಳ್ಳುತ್ತಲೇ ಪರಿಹಾರ ಹೇಳಿದಳು: “ಅಪ್ಪಾ, ಬೇರೆ ಇಮೇಜ್ ವ್ಯೂವರ್ ಹಾಕ್ಕೋ. ಬರೀ ಫೋಟೋ ತೋರಿಸೋದಷ್ಟೇ ಅದರ ಕೆಲಸ. ಹಗುರವಾಗಿರೋವು ಬೇಕಾದಷ್ಟಿವೆ, ಪುಕ್ಕಟೆ.”

ಬೇಕಾದಷ್ಟಿವೆ ಎಂದಮೇಲೆ ಪಂದ್ಯ ಏರ್ಪಡಿಸದಿದ್ದರೆ ನಾನೆಂಥ ಡ್ರಿಲ್ ಮೇಷ್ಟ್ರು? ಶನಿವಾರ ಬೆಳಿಗ್ಗೆಯೇ ಹನ್ನೊಂದು ವ್ಯೂವರುಗಳನ್ನು ಇಳಿಸಿಕೊಂಡು ‘ಪ್ರಥಮ ಅಖಿಲ ಗೃಹ ಚಿತ್ರವೀಕ್ಷಕ ವೇಗಸ್ಪರ್ಧೆ’ಯನ್ನು ಘೋಷಿಸಿದೆ. ಎಲ್ಲ ಸ್ಪರ್ಧಿಗಳಿಗೂ ಒಂದೇ ತೂಕ ಹೊರಿಸುವುದು ನ್ಯಾಯ. ಮನೆಯಲ್ಲೆಲ್ಲ ಅತ್ಯಂತ ಭಾರವಾದದ್ದು ಅತ್ತೆಯವರ ಫೋಟೋ. (ಫೈಲಿನ ತೂಕ ಹೇಳುತ್ತಿದ್ದೇನೆ, ದಯವಿಟ್ಟು ಅತ್ತೆಯವರಿಗೆ ಬೇರೆ ಥರ ಮುಟ್ಟಿಸಬೇಡಿ.) ನಿಯಮ ಸರಳ: ಸೀಟಿ ಊದುವುದು, ಕ್ಲಿಕ್ ಮಾಡುವುದು, ಅತ್ತೆಯವರ ಎರಡು ಕಿವಿಯ ಓಲೆಯೂ ಪೂರ್ತಿ ಕಂಡೊಡನೆ ಸ್ಟಾಪ್‌ವಾಚು ನಿಲ್ಲಿಸುವುದು.

ಮೊದಲನೆಯದು ಫೋಟೋ ತೋರಿಸುವ ಮುಂಚೆ ನನ್ನ ಇಮೇಲು, ಫೋನ್ ನಂಬರು, ಹುಟ್ಟಿದ ತಾರೀಖು ಕೇಳಿತು. ಓಟದ ಗೆರೆಯ ಮೇಲೆ ನಿಂತು ಜಾತಕ ಕೇಳುವವನು ಓಡಿದ ಹಾಗೇ. ಔಟ್! ಎರಡನೆಯದಕ್ಕೆ ಮೈತುಂಬ ಅರವತ್ತು ಗುಂಡಿಗಳು, ನಡುವೆ ಅಂಚೆಚೀಟಿಯಷ್ಟು ಅತ್ತೆ. ಮೂರನೆಯದು ತಾನು ಬಹಳ ಹಗುರ ಎಂದು ಕೊಚ್ಚಿಕೊಂಡಿತ್ತು. ಎಷ್ಟು ಹಗುರವೆಂದರೆ ಫೋಟೋ ತೋರಿಸುವ ಭಾರವನ್ನೂ ಹೊತ್ತುಕೊಂಡಿರಲಿಲ್ಲ. ಪರದೆ ಪೂರ್ತಿ ಕಪ್ಪಾಯಿತು, ಮುಚ್ಚುವ ಗುಂಡಿಯೂ ಇಲ್ಲ, ಕೊನೆಗೆ ಪ್ಲಗ್ಗೇ ಕೀಳಬೇಕಾಯಿತು.

ನಾಲ್ಕನೆಯದು ಮಹಾ ಬುದ್ಧಿವಂತ. ಫೋಟೋಗಳಲ್ಲಿರುವವರ ಗುರುತು ತಾನೇ ಹಿಡಿಯುತ್ತದಂತೆ. ಹೆಂಡತಿಯನ್ನು ಹಿಡಿಯಿತು, ಮಗಳನ್ನು ಹಿಡಿಯಿತು. ಆಮೇಲೆ ನನಗೂ ಬೆತ್ತದ ಕುರ್ಚಿಗೂ ಸೇರಿಸಿ ಒಂದೇ ಚೌಕಟ್ಟು ಹಾಕಿ, ‘ಇವರು ಯಾರು?’ ಎಂದು ಕೇಳಿತು. ಕುರ್ಚಿಗೂ ಮನುಷ್ಯನಿಗೂ ವ್ಯತ್ಯಾಸ ತಿಳಿಯದ ಈ ಮಂಕು ಶಿಖಾಮಣಿಯನ್ನು ಕಂಡು ಹೊಟ್ಟೆ ಹುಣ್ಣಾಗುವಷ್ಟು ನಕ್ಕು ಹೊರಗೆ ಹಾಕಿದೆ. ಅದರ ಮಾತನ್ನು ಆಗಲೇ ಕೇಳಬೇಕಾಗಿತ್ತು.

ಐದು, ಆರು, ಏಳು. ಸೀಟಿ, ಕ್ಲಿಕ್, ಅತ್ತೆ. ಸೀಟಿ, ಕ್ಲಿಕ್, ಅತ್ತೆ. ಅಡುಗೆಮನೆಯಿಂದ ಸೌಟಿನ ಸಮೇತ ಹೆಂಡತಿ ಬಂದು ನಿಂತಳು.

“ಏನ್ರೀ ಇದು? ಬೆಳಿಗ್ಗೆಯಿಂದ ನಮ್ಮಮ್ಮನ ಮುಖ ನೋಡಿ ನೋಡಿ ಸೀಟಿ ಹೊಡೀತಿದ್ದೀರಾ?”

“ಸ್ಪರ್ಧೆ ಕಣೇ! ಅತ್ತೆಯವರು ಯಾರ ಕೈಲಿ ಬೇಗ ಬರ್ತಾರೆ ಅಂತ ನೋಡ್ತಿದ್ದೀನಿ.”

“ನಿಜವಾಗಿ ಬೇಗ ಬಂದ್ರೆ ಮುಖ ಸಿಂಡರಿಸ್ತೀರಿ. ಇಲ್ಲಿ ಬಂದ್ರೆ ಬಹುಮಾನವಾ?”

ನಾನು ಸೀಟಿ ಊದಿ ಎಂಟನೆಯದನ್ನು ಕ್ಲಿಕ್ಕಿಸಿದೆ. ಸೀಟಿ ಬಾಯಿಂದ ಇಳಿಯುವ ಮೊದಲೇ ಎರಡು ಓಲೆಯೂ ಬಂದು ನಿಂತಿದ್ದವು! ಸ್ವಾಗತವಿಲ್ಲ, ಗುಂಡಿಗಳಿಲ್ಲ, ಜಾತಕವಿಲ್ಲ. ಬಾಣದ ಕೀಲಿ ಒತ್ತಿ ಹಿಡಿದರೆ ಸಾಕು, ಫೋಟೋಗಳು ಹೊಳೆಯಂತೆ ಹರಿಯುತ್ತಿದ್ದವು. ಜಿಂಕೆಯಂಥ ಆ ಓಟ ಕಂಡು ಅದಕ್ಕೆ ‘ಚಿಗರೆ’ ಎಂದು ಹೆಸರಿಟ್ಟೆ. ಉಳಿದ ಮೂವರನ್ನು ಓಡಿಸುವ ಗೊಡವೆಗೇ ಹೋಗಲಿಲ್ಲ. ಸಾಮ್ರಾಜ್ಯ ಉಳಿಯಿತೆಂಬ ಸಂತೋಷಕ್ಕೆ ಆ ದಿನ ಸೌಟನ್ನು ನಾನೇ ತೊಳೆದೆ.

ಭಾನುವಾರ ಅತ್ತೆಯವರು ಬಂದರು. ಅವರನ್ನೂ ನನ್ನ ಹೆಂಡತಿಯನ್ನೂ ಕಂಪ್ಯೂಟರಿನ ಮುಂದೆ ಕೂರಿಸಿ, ಕೀಲಿಮಣೆಯನ್ನು ನಮ್ಮ ಮಗಳ ಕೈಗೊಪ್ಪಿಸಿ, ನಾನು ನನ್ನ ಬೆತ್ತದ ಕುರ್ಚಿಯಲ್ಲಿ ಕೂತು ಕಾಲಿನ ಮೇಲೆ ಕಾಲು ಹಾಕಿಕೊಂಡೆ. “ಒತ್ತಿ ಹಿಡಿ ಮಗಳೇ! ನೋಡ್ಲಿ ಇವರು, ವೇಗ ಅಂದ್ರೇನು ಅಂತ!” ಎಂದು ಸೀಟಿ ಊದಿದೆ.

ಹನ್ನೊಂದು ವರ್ಷದ ಫೋಟೋಗಳು ಓಡತೊಡಗಿದವು. ನಮ್ಮ ಮನೆಯ ಫೋಟೋಗ್ರಾಫರು ನನ್ನ ಹೆಂಡತಿ. ಬೆಳಕು ಚೆನ್ನಾಗಿದೆಯೆಂದು ಎಲ್ಲರನ್ನೂ ನಡುಮನೆಯ ಅದೇ ಗೋಡೆಯ ಮುಂದೆ ನಿಲ್ಲಿಸಿ ತೆಗೆಯುತ್ತಾಳೆ. ಹಾಗಾಗಿ ಪರದೆಯ ಮೇಲೆ ಸಿನಿಮಾನೇ ಶುರುವಾಯಿತು. ನಮ್ಮ ಮಗಳು ಮೇಜಿನೆತ್ತರ, ಕಿಟಕಿಯೆತ್ತರ, ಬಾಗಿಲೆತ್ತರ ಬೆಳೆದಳು. ನೆಂಟರು ಬಂದರು, ನಕ್ಕರು, ಹೋದರು. ಇದೆಲ್ಲದರ ನಡುವೆ ಬೆತ್ತದ ಕುರ್ಚಿಯಲ್ಲಿ ಒಬ್ಬ ಮನುಷ್ಯ ಕಾಲಿನ ಮೇಲೆ ಕಾಲು ಹಾಕಿ ಕೂತಿದ್ದ. ಕೂತೇ ಇದ್ದ. ಅವನಲ್ಲಿ ಚಲಿಸುತ್ತಿದ್ದುದು ಹಿಂದೆ ಹಿಂದೆ ಸರಿಯುತ್ತಿದ್ದ ಕೂದಲು ಮಾತ್ರ. ಅವನ ಬೆನ್ನ ಹಿಂದೆ, ಮಗಳ ಒಂಬತ್ತನೇ ಹುಟ್ಟುಹಬ್ಬಕ್ಕೆ ನಿಂಬೆಹಣ್ಣಿನಷ್ಟು ಇದ್ದ ಕಲೆ ಹನ್ನೊಂದಕ್ಕೆ ತಟ್ಟೆಯಾಯಿತು, ಹದಿನಾಲ್ಕಕ್ಕೆ ಮೊರವಾಯಿತು, ಹದಿನೇಳಕ್ಕೆ ಅವನ ತಲೆಯ ಸುತ್ತ ಪ್ರಭಾವಳಿಯಾಗಿ ನಿಂತಿತು.

ಅತ್ತೆಯವರು ಪರದೆ ನೋಡಿದರು, ತಿರುಗಿ ನನ್ನನ್ನು ನೋಡಿದರು, ಮತ್ತೆ ಪರದೆ ನೋಡಿದರು.

“ಅಳಿಯಂದಿರೇ, ಎಲ್ಲರೂ ಸಿನಿಮಾದ ಹಾಗೆ ಓಡಾಡ್ತಿದ್ದಾರೆ. ನೀವು ಮಾತ್ರ ಫೋಟೋನೇ.”

ನಾನು ಅವಸರವಾಗಿ ಕಾಲು ಕೆಳಗಿಳಿಸಿದೆ.

“ಹೋದ ವರ್ಷ ಬಂದ ಕಲೆ ಅಲ್ವಾ ಇದು?” ಎಂದಳು ಹೆಂಡತಿ, ಬಹಳ ಮೃದುವಾಗಿ. ಅವಳು ಮೃದುವಾಗಿ ಮಾತಾಡಿದರೆ ನನಗೆ ನಡುಕ.

“ಕೆಳಗಡೆ ತಾರೀಖೂ ತೋರಿಸುತ್ತೆ ಅಮ್ಮಾ. ಎಂಟು ವರ್ಷ ನಾಲ್ಕು ತಿಂಗಳು. ಚೆನ್ನಾಗಿದೆ ಅಪ್ಪಾ ನಿನ್ನ ಚಿಗರೆ” ಎಂದಳು ಮಗಳು.

ಅಷ್ಟರಲ್ಲಿ ನನ್ನ ಕಣ್ಣಿಗೆ ಏನೋ ಬಿತ್ತು. “ನಿಲ್ಸು, ನಿಲ್ಸು! ಒಂದು ಹಿಂದಕ್ಕೆ ಹೋಗು! ನೋಡಿ ಅತ್ತೆ, ಇದರಲ್ಲಿ ಎದ್ದು ನಿಂತಿದ್ದೀನಿ!” ಎಂದು ಕೂಗಿದೆ. ನಿಜ, ಒಂದೇ ಒಂದು ಫೋಟೋದಲ್ಲಿ ನಾನು ಕಂಬದ ಹಾಗೆ ನೆಟ್ಟಗೆ ನಿಂತಿದ್ದೆ. ಮಗಳು ಆ ಜಾಗವನ್ನು ದೊಡ್ಡದು ಮಾಡಿದಳು. (ದೊಡ್ಡದು ಮಾಡುವುದರಲ್ಲೂ ಚಿಗರೆ ಬಲು ಚುರುಕು.) ನನ್ನ ಹಿಂದೆ ಕುರ್ಚಿ ಇರಲಿಲ್ಲ.

“ಓ, ಅವತ್ತಾ? ಹೊಸ ಬೆತ್ತ ಹೆಣೆಯೋಕೆ ಕುರ್ಚಿ ಅಂಗಡಿಗೆ ಹೋಗಿತ್ತು” ಎಂದಳು ಹೆಂಡತಿ.

ಮೊಕದ್ದಮೆ ಅಲ್ಲಿಗೆ ಮುಗಿಯಿತು, ತೀರ್ಪೂ ಬಂತು. “ಕಂಪ್ಯೂಟರ್ ಕಿಟಕಿ ಪಕ್ಕದಲ್ಲೇ ಇರಲಿ, ಅದು ಮಾತು ಉಳಿಸ್ಕೊಂಡಿದೆ. ಆದ್ರೆ ಈ ಮನೇಲಿ ಎಲ್ಲಕ್ಕಿಂತ ಒಳ್ಳೇ ಬೆಳಕು ಬೀಳೋದು ಆ ಕುರ್ಚಿ ಮೇಲೆ. ಫೋಟೋಗಳೇ ಹೇಳ್ತಿವೆಯಲ್ಲ. ಕುರ್ಚಿ ಅಟ್ಟಕ್ಕೆ, ಮಿಷನ್ ಅಲ್ಲಿಗೆ. ಅದಕ್ಕೂ ಮುಂಚೆ ಗೋಡೆ ರಿಪೇರಿ ಆಗ್ಬೇಕು. ಏಳಿ.”

ಈಗ ನಾನು ಏಣಿಯ ಮೇಲಿದ್ದೇನೆ. ಪೈಪಿನವನು ಬಂದು ಸೋರಿಕೆ ನಿಲ್ಲಿಸಿ ಹೋದ. ಗಾರೆ ಕೆರೆಯುವ ಕೆಲಸ ನನ್ನದು. ಕೆಳಗೆ ಹೆಂಡತಿ ನನ್ನದೇ ಸೀಟಿ, ನನ್ನದೇ ಸ್ಟಾಪ್‌ವಾಚು ಹಿಡಿದು ನಿಂತು ಹತ್ತು ನಿಮಿಷಕ್ಕೊಂದು ಫೋಟೋ ತೆಗೆಯುತ್ತಿದ್ದಾಳೆ. ಸಂಜೆ ಅವನ್ನೆಲ್ಲ ಚಿಗರೆಯಲ್ಲಿ ಓಡಿಸಿ ಅತ್ತೆಯವರಿಗೆ ತೋರಿಸುತ್ತಾಳಂತೆ. ಲೋಕದ ಫೋಟೋಗ್ರಾಫರೆಲ್ಲ ಕ್ಯಾಮೆರಾ ಹಿಡಿದು “ಅಲ್ಲಾಡ್ಬೇಡಿ” ಎನ್ನುತ್ತಾರೆ. ನಮ್ಮವಳು ಮಾತ್ರ ಸೀಟಿ ಊದಿ, “ರೀ, ಸ್ವಲ್ಪ ಅಲ್ಲಾಡ್ರೀ!” ಎನ್ನುತ್ತಿದ್ದಾಳೆ.